ಮಜ್ಲಿಸ್‌ನಲ್ಲಿ ಕುಲುಕುವ ಸೀಟು

ಅರಬ್ ನಾಡಿನ ಬೆಟ್ಟದೂರು ಅಭಾದ ಗಂಡಸರು ನಿವೃತ್ತರಾದ ಮೇಲೆ ಜೇನು ಸಾಕುತ್ತಾರೆ, ಇಲ್ಲವೇ ಮಕ್ಕಳ ಸಂಸಾರದಲ್ಲಿ ಮೂಗು ತೂರಿಸುತ್ತಾರೆ. ನಗರಸಭೆಯ ವರ್ಕ್‌ಶಾಪಿನಿಂದ ನಿವೃತ್ತನಾದ ಮುಶಬ್ಬಬ್ ಇವೆರಡನ್ನೂ ಬಿಟ್ಟು, ಅತಿಥಿಗಳನ್ನು ಕೂರಿಸುವ ಮಜ್ಲಿಸ್‌ನ ನಟ್ಟನಡುವೆ ಹಳೇ ಪಿಕಪ್ಪಿನ ಸೀಟೊಂದನ್ನು ತಂದಿಟ್ಟು, ಎದುರಿಗೆ ಸ್ಟೀರಿಂಗ್, ಪೆಡಲು, ಟೀವಿ ಜೋಡಿಸಿಕೊಂಡ. ರೇಸ್ ಗೇಮ್ ಆಡುವಾಗ ಪರದೆಯ ಮೇಲಿನ ಕಾರು ವಾಲಿದರೆ ಸೀಟೂ ವಾಲಬೇಕು, ಬ್ರೇಕ್ ಒತ್ತಿದರೆ ಮುಂದಕ್ಕೆ ಮುಗ್ಗರಿಸಬೇಕು, ಕಲ್ಲು ಸಿಕ್ಕರೆ ಕುಲುಕಬೇಕು ಎಂಬುದು ಅವನ ಆಸೆ. ಇಂಥದ್ದು ಅಂಗಡಿಯಲ್ಲೇ ಸಿಗುತ್ತದೆ. ಆದರೆ ಕೊಂಡು ತಂದದ್ದರಲ್ಲಿ ಏನು ಮಜಾ ಎನ್ನುವ ಜಾತಿಯವನು ಅವನು.

ಹೆಂಡತಿ ಸಾಲ್ಹಾಗೆ ಆ ಯಂತ್ರ ಕಂಡರೇ ಹೊಟ್ಟೆ ತೊಳಸುತ್ತಿತ್ತು. ಇದು ಮಾತಿಗೆ ಹೇಳಿದ್ದಲ್ಲ. ಚಿಕ್ಕಂದಿನಿಂದಲೂ ಅವಳಿಗೆ ಕಾರು ಹತ್ತಿದರೆ ವಾಂತಿ. ಊರೊಳಗೆ ಹೇಗೋ ತಡೆದುಕೊಳ್ಳುತ್ತಿದ್ದಳು, ಘಾಟಿ ಇಳಿಯುವುದೆಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಅವಳ ಅಕ್ಕ ಜಾಫಿರಾಳನ್ನು ಕೊಟ್ಟದ್ದೋ, ಸಮ್ಮಾ ಘಾಟಿಯ ಬುಡದ ರಿಜಾಲ್ ಅಲ್ಮಾ ಊರಿಗೆ. ಹಿಂದೆ ಅಕ್ಕನ ಮಗನ ಮದುವೆಗೆ ಹೋದಾಗ ಸಾಲ್ಹಾಳನ್ನು ಕಾರಿನಿಂದ ಎತ್ತಿಯೇ ಇಳಿಸಬೇಕಾಯಿತು. ಹೆಂಗಸರೆಲ್ಲ ಹಾಡಿ ಕುಣಿಯುವಾಗ ಇವಳು ಹಿಂದಿನ ಕೋಣೆಯಲ್ಲಿ ಮಲಗಿ, ಗೋಡೆಯಾಚೆಯ ತಮ್ಮಟೆ ಕೇಳುತ್ತ ಅತ್ತಳು. ಗುಳಿಗೆ ನುಂಗಿದರೆ ಮರುದಿನದವರೆಗೆ ನಿದ್ದೆ. ಅವಳು ರಸ್ತೆಯನ್ನು ಬೈದಾಗಲೆಲ್ಲ ವಾರಗಿತ್ತಿಯರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತಿದ್ದರು.

ಈಗ ಅಕ್ಕನ ಕಿರಿಮಗಳ ಮದುವೆ ಗೊತ್ತಾಗಿತ್ತು. ಆ ಮನೆಯಲ್ಲಿ ಇನ್ನು ಮದುವೆಯೇ ಇಲ್ಲ. ಈ ಒಂದು ಸಲವಾದರೂ ಅಕ್ಕನ ಹೊಸ್ತಿಲಿಗೆ ತನ್ನ ಕಾಲ ಮೇಲೆ ನಿಂತು ಹೋಗಬೇಕೆಂದು ಸಾಲ್ಹಾ ಪ್ರತಿ ನಮಾಜಿನಲ್ಲೂ ಬೇಡುತ್ತಿದ್ದಳು.

ಮುಶಬ್ಬಬನ ಬೇಡಿಕೆ ಸಣ್ಣದು: ಯಂತ್ರ ಸರಿಯಾಗಿ ಅಲುಗಾಡಲಿ. ಪಕ್ಕದೂರು ಖಮೀಸ್‌ನ ಗುಜರಿಯಿಂದ ಎರಡು ವೈಪರ್ ಮೋಟಾರು ತಂದು ಸೀಟಿನ ಹಿಂದೆ ಅಕ್ಕಪಕ್ಕ ಕೂರಿಸಿದ. ಸೀಟಿನ ಚೌಕಟ್ಟನ್ನು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಕೀಲಿನ ಮೇಲೆ ನಿಲ್ಲಿಸಿದ್ದರಿಂದ ಅದು ಯಾವ ಕಡೆಗೆ ಬೇಕಾದರೂ ಓಲಾಡುತ್ತಿತ್ತು. ಮೊದಲ ದಿನ ಮೋಟಾರಿನ ವೈರು ಅದಲುಬದಲಾಗಿ, ಬ್ರೇಕ್ ಒತ್ತಿದವನೇ ಹಿಂದಕ್ಕೆ ಮಲಗಿ ಕಾಫಿ ತಟ್ಟೆಗೆ ತಲೆ ಕೊಟ್ಟ. ಅದನ್ನು ಸರಿಮಾಡಿದ ಮೇಲೆ ಬಲಗಡೆಯ ಮೋಟಾರು ತಿರುವಿನಲ್ಲಿ ಕಟಕಟ ಎನ್ನತೊಡಗಿತು. ತಾನೇ ಸೀಟಿನಲ್ಲಿ ಕೂತರೆ ಬೆನ್ನ ಹಿಂದಿನದು ಕಾಣುವುದು ಹೇಗೆ? ಭಾರಕ್ಕೆ ಒಬ್ಬರು ಬೇಕಿತ್ತು. ಮಗ ಫಾಯಿಝ್ ಬರುವುದು ಶುಕ್ರವಾರ. ಅಲ್ಲಿಯವರೆಗೆ ಕಾಯುವ ತಾಳ್ಮೆ ಇದ್ದಿದ್ದರೆ ಅವನು ಜೇನನ್ನೇ ಸಾಕುತ್ತಿದ್ದ.

ಪುಸಲಾಯಿಸಿ ಹೆಂಡತಿಯನ್ನು ಕೂರಿಸಿದ. ತಾನು ಪಕ್ಕದಲ್ಲಿ ಬಗ್ಗಿ ನಿಂತು ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಹಿಂದೆ ಇಣುಕಿದ. ಎರಡು ತಿರುವು ದಾಟುವಷ್ಟರಲ್ಲಿ ಸಾಲ್ಹಾ ಬಾಯಿಗೆ ಕೈ ಒತ್ತಿಕೊಂಡು ಬಚ್ಚಲಿಗೆ ಓಡಿದಳು.

"ನಿಂತ ಕಾರಲ್ಲೂ ವಾಂತಿ ಮಾಡಿಸ್ತೀಯಲ್ಲ ಅಬು ಫಾಯಿಝ್, ನಿನ್ನ ಕೈಗುಣ ದೊಡ್ಡದು" ಎಂದಳು ಬಂದು.

ಮರುದಿನ ಅವನು ಮತ್ತೆ ಗೋಗರೆದ. ಅವಳು ಷರತ್ತು ಹಾಕಿದಳು: ಸ್ಟೀರಿಂಗ್ ತನ್ನ ಕೈಯಲ್ಲೇ ಇರಬೇಕು, ಅವನು ಮುಟ್ಟಕೂಡದು. ಬಿಸ್ಮಿಲ್ಲಾ ಎಂದು ಹೊರಟವಳು ರೇಸಿನ ಹಾದಿಯಲ್ಲಿ ನಡಿಗೆಯ ವೇಗದಲ್ಲಿ ಸಾಗಿದಳು. ಎಲ್ಲ ಕಾರುಗಳೂ ಅವಳನ್ನು ದಾಟಿ ಹೋದವು. ಮುಶಬ್ಬಬನಿಗೆ ತಡೆಯಲಾಗಲಿಲ್ಲ.

"ಇದು ರೇಸು ಚಿಕ್ಕಪ್ಪನ ಮಗಳೇ, ಕುರಿ ಕಾಯೋದಲ್ಲ."

"ಹೋಗೋರು ಹೋಗ್ಲಿ ಬಿಡು. ಅವರ ಮನೇಲಿ ಏನು ಅವಸರವೋ ಏನೋ."

ಚಿಕ್ಕಪ್ಪನ ಮಗಳನ್ನೇ ಮದುವೆಯಾದವನಿಗೆ ಬಾಲ್ಯದಿಂದಲೂ ಬೈಗುಳ ತಪ್ಪಿದ್ದಲ್ಲ. ಬಗ್ಗಿ ಮೋಟಾರಿನ ನಟ್ಟು ಬಿಗಿಮಾಡಿದ. ಕಟಕಟ ನಿಂತಿತು. ಅವನ ಮುಖ ಅರಳಿತು. ಸಾಲ್ಹಾ ಮಾತ್ರ ಇಳಿಯಲೇ ಇಲ್ಲ. ತಿರುವಿನ ಮೇಲೆ ತಿರುವು ದಾಟಿದಳು. ಪಕ್ಕದ ತಟ್ಟೆಯಿಂದ ಏಲಕ್ಕಿ ಕಾಫಿಯ ವಾಸನೆ ಬಂತು, ಒಂದು ಖರ್ಜೂರ ತಿನ್ನೋಣ ಅನ್ನಿಸಿತು. ಆಗ ಅವಳಿಗೆ ಹೊಳೆಯಿತು. ಕುಲುಕುವ ಸೀಟಿನಲ್ಲಿ ಕೂತವಳಿಗೆ ಹೊಟ್ಟೆ ತಣ್ಣಗಿದೆ.

ಅವಳು ಸುಲಭಕ್ಕೆ ನಂಬುವ ಹೆಂಗಸಲ್ಲ. ಗಂಡನನ್ನು ಕರೆದು ನೀನು ತಿರುಗಿಸು ಎಂದಳು. ಅವನು ತಿರುಗಿಸಿದ, ಅವಳಿಗೆ ಬಾಯಲ್ಲಿ ನೀರೂರಿ ತಲೆ ಸುತ್ತಿತು. ಸ್ಟೀರಿಂಗ್ ಕಿತ್ತುಕೊಂಡು ತಾನೇ ತಿರುಗಿಸಿದಳು, ಸ್ವಲ್ಪ ಹೊತ್ತಿಗೆ ಎಲ್ಲ ನಿಚ್ಚಳವಾಯಿತು. ತಿರುವು ಬರುವ ಮೊದಲೇ ಅದು ಅವಳ ಕೈಗೆ ಗೊತ್ತಿರುತ್ತಿತ್ತು, ಕೈಗೆ ಗೊತ್ತಾದದ್ದು ಹೊಟ್ಟೆಗೂ ಗೊತ್ತಾಗುತ್ತಿತ್ತು.

"ಜನ್ಮವೆಲ್ಲ ನನ್ನನ್ನ ತಪ್ಪು ಸೀಟಲ್ಲಿ ಕೂರಿಸಿದ್ರಿ ನೀವೆಲ್ಲ" ಎಂದಳು. ಅಂದವಳೇ ಅತ್ತುಬಿಟ್ಟಳು.

ಹೆಂಗಸರ ಕೈಗೆ ಸ್ಟೀರಿಂಗ್ ಕೊಡುವ ಕಾನೂನು ಬಂದು ಕೆಲವೇ ವರ್ಷವಾಗಿತ್ತು. ಆದರೆ ಬಂದ ಮೇಲೂ ಮುಶಬ್ಬಬ್ ಒಮ್ಮೆಯೂ ನೀನು ಓಡಿಸ್ತೀಯಾ ಎಂದು ಅವಳನ್ನು ಕೇಳಿರಲಿಲ್ಲ. ಅವನು ಕಾನೂನಿನ ಮಾತೆತ್ತಲಿಲ್ಲ, ಅಷ್ಟು ಬುದ್ಧಿ ಅವನಿಗಿತ್ತು. ಗೇಮ್‌ನಲ್ಲಿ ರೇಸಿನ ಹಾದಿ ಬಿಟ್ಟು, ಎಲ್ಲೆಲ್ಲೋ ಹುಡುಕಿ ಬೆಟ್ಟದ ರಸ್ತೆಯೊಂದನ್ನು ಹಾಕಿಕೊಟ್ಟ. ಗೇರ್ ಇಳಿಸಿದಾಗ ಸೀಟು ಹೇಗೆ ಹಿಡಿದೆಳೆಯಬೇಕೆಂದು ಕೂತು ಲೆಕ್ಕ ಹಾಕಿದ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಬಾರದು, ಗೇರಿನಲ್ಲೇ ಹಿಡಿಯಬೇಕೆಂದು ಹೇಳಿಕೊಟ್ಟ. ಅವನ ಗೆಳೆಯರು ಬಂದರೆ ಮಜ್ಲಿಸ್‌ನ ಬಾಗಿಲು ಮುಚ್ಚಿರುತ್ತಿತ್ತು, ಒಳಗೆ ಮೋಟಾರಿನ ಗುಂಯ್ ಸದ್ದು. ಮುಶಬ್ಬಬ್ ಅವರನ್ನು ಅಂಗಳದಲ್ಲೇ ಕೂರಿಸಿ ಕಾಫಿ ಕೊಡುತ್ತಿದ್ದ. ಮಾಡಿದ್ದು ತನಗಾಗಿ, ದಕ್ಕಿದ್ದು ಅವಳಿಗೆ. ಅದಕ್ಕೆ ಅವನಿಗೆ ಬೇಸರವಿರಲಿಲ್ಲ. ಹಾಗೆ ನೋಡಿದರೆ ಅಷ್ಟು ಸಂತೋಷದಿಂದ ಅವನು ಯಾವ ರೇಸನ್ನೂ ಗೆದ್ದಿರಲಿಲ್ಲ.

ಸೊಸೆಯ ಜೊತೆ ಹೆಂಗಸರ ಡ್ರೈವಿಂಗ್ ಶಾಲೆಗೆ ಹೋಗಿ ಸಾಲ್ಹಾ ಲೈಸೆನ್ಸೂ ತಂದಳು. ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ.

ಮದುವೆಯ ಬೆಳಿಗ್ಗೆ ಘಾಟಿಯ ನೆತ್ತಿಯಲ್ಲಿ ಮಂಜು ಕವಿದಿತ್ತು. ಸಾಲ್ಹಾ ಗೇರ್ ಇಳಿಸಿದಳು. ಮೊದಲ ತಿರುವಿನಲ್ಲಿ ಕಾರು ಮೈಯನ್ನು ಹೊರಕ್ಕೆ ಎಳೆದದ್ದು ಎಳೆದಂತೆಯೇ ಇತ್ತು, ಮಜ್ಲಿಸ್‌ನ ಸೀಟಿನಂತೆ ಬೇಗ ಬಿಡಲಿಲ್ಲ. ಅವಳು ಸ್ಟೀರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಪಕ್ಕದ ಸೀಟಿನಲ್ಲಿ ಮುಶಬ್ಬಬ್, ತನ್ನ ಕಾಲಡಿ ಇಲ್ಲದ ಬ್ರೇಕನ್ನು ಬಲಗಾಲಿನಲ್ಲಿ ಒತ್ತುತ್ತಿದ್ದ. ಸುರಂಗ ದಾಟಿದ ಮೇಲೆ ತಡೆಗೋಡೆಯ ಮೇಲೆ ಕೋತಿಗಳು ಸಾಲಾಗಿ ಕೂತಿದ್ದವು. ಒಂದು ಮುದಿ ಗಡವ ರಸ್ತೆಗಿಳಿಯಿತು. ಸಾಲ್ಹಾ ನಿಧಾನಿಸಿ ಅದು ದಾಟುವವರೆಗೆ ಕಾದು ಮತ್ತೆ ಹೊರಟಳು. ಪ್ರತಿ ತಿರುವಿಗೂ ಹಳೇ ಅಭ್ಯಾಸದಂತೆ ಹೊಟ್ಟೆಯೊಳಗೆ ಹುಡುಕಿ ನೋಡಿಕೊಂಡಳು. ಏನೂ ಇರಲಿಲ್ಲ. ಬುಡ ತಲುಪಿ ಬಿಸಿಗಾಳಿ ಮುಖಕ್ಕೆ ಬಡಿದಾಗ ಅಲ್ಹಮ್ದುಲಿಲ್ಲಾ ಎಂದದ್ದು ಅವಳಲ್ಲ, ಅವನು.

ಕಾರು ನಿಲ್ಲುವ ಮೊದಲೇ ಜಾಫಿರಾ ಓಡಿ ಬಂದಳು, ಮುಡಿಯಲ್ಲಿ ಕಾಮಕಸ್ತೂರಿ, ಕೈಯಲ್ಲಿ ಒದ್ದೆ ಬಟ್ಟೆ. ಡ್ರೈವರ್ ಪಕ್ಕದ ಸೀಟಿನ ಬಾಗಿಲು ತೆರೆದು ತಂಗಿಯನ್ನು ಎತ್ತಿಕೊಳ್ಳಲು ಎರಡೂ ತೋಳು ಚಾಚಿದಳು. ಅಲ್ಲಿ ಮುಶಬ್ಬಬ್ ಕೂತಿದ್ದ.

"ನೀನೇನೋ ಇಲ್ಲಿ? ಅವಳನ್ನೆಲ್ಲಿ ಬಿಟ್ಟೆ?"

ಆಚೆ ಬಾಗಿಲು ತೆರೆಯಿತು. ಸಾಲ್ಹಾ ಇಳಿದು, ಅಬಾಯಾದ ಮಡಿಕೆ ಸರಿಪಡಿಸಿಕೊಂಡು, ನೆಟ್ಟಗೆ ನಿಂತಳು. ಜಾಫಿರಾ ಅವಳನ್ನೂ ಸ್ಟೀರಿಂಗನ್ನೂ ತಿರುತಿರುಗಿ ನೋಡಿದಳು. ಕಣ್ಣು ತುಂಬಿಕೊಂಡವು.

"ಹಿಂದಿನ ಕೋಣೇಲಿ ಹಾಸಿಗೆ ಹಾಸಿಟ್ಟಿದ್ನಲ್ಲೇ" ಎಂದಳು ಕೊನೆಗೆ.

"ಅದನ್ನ ಇವನಿಗೆ ಕೊಡು, ಬಂದ ದಾರಿಗೆ ಸುಸ್ತಾಗಿದಾನೆ. ಹಾಡು ಎಲ್ಲಿ ನಡೀತಿದೆ ಅಕ್ಕಾ?"

ಜಾಫಿರಾ ಎಂದಿನಂತೆ ತಂಗಿಯ ತೋಳಿಗೆ ಕೈ ಕೊಟ್ಟಳು. ಕೊಡುವ ಅಗತ್ಯವಿರಲಿಲ್ಲ. ಆದರೂ ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಹೆಂಗಸರು ಹಾಡುತ್ತಿದ್ದ ಕಡೆಗೆ ಅವಳನ್ನು ನಡೆಸಿಕೊಂಡು ಹೋದಳು.