ಅತ್ತೆ ಓಡಿಸಿದ ಕಾರು

ಜ್ವರ ಬಂದ ಮಗುವಿನ ಹಣೆ ಮುಟ್ಟೋ ಹಾಗೆ ಕಾಮೆನ್ ಕಾರಿನ ಬಾನೆಟ್ ಮೇಲೆ ಅಂಗೈ ಇಟ್ರು.

"ತಣ್ಣಗಿದೆ," ಅಂದ್ರು.

ಮಗಳು ಬಿಲ್ಯಾನಾ ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಟ್ಟಳು. ಬಾನೆಟ್ ಬಿಸಿಯಿದ್ರೆ, ಮಾರೋರು ಬೆಳಿಗ್ಗೆನೇ ಓಡಿಸಿ ಇಂಜಿನ್ ರೋಗ ಮುಚ್ಚಿಟ್ಟಿದಾರೆ ಅಂತ ಅಪ್ಪಂಗೆ ಅನುಮಾನ. ತಣ್ಣಗಿದ್ರೆ, ನಾವು ಹೀಗೆ ಮುಟ್ಟಿ ನೋಡ್ತೀವಿ ಅಂತ ಇವರಿಗೆ ಮೊದಲೇ ಗೊತ್ತಿತ್ತು ಅಂತ ಅನುಮಾನ. ಟ್ರೇನಲ್ಲಿ ಟಿಕೆಟ್ ಚೆಕ್ ಮಾಡೋ ಕೆಲಸ ಅಪ್ಪಂದು. ಟಿಕೆಟ್ಟಿಲ್ಲದೋರು ಹೇಳೋ ಕತೆ ಕೇಳೀ ಕೇಳೀ, ಈಗ ಯಾರಾದ್ರೂ "ಗುಡ್ ಮಾರ್ನಿಂಗ್" ಅಂದ್ರೂ ಕಿಟಕಿ ಆಚೆ ನೋಡಿ, ನಿಜವಾಗ್ಲೂ ಬೆಳಗಾಗಿದ್ಯಾ ಅಂತ ಖಾತ್ರಿ ಮಾಡ್ಕೊಳೋ ಮನುಷ್ಯ.

ಮೂರು ವಾರದಿಂದ ಇದೇ ಗೋಳು. ಒಂದು ಕಾರಲ್ಲಿ ಪೈನ್ ಮರದ ಸೆಂಟು ಘಮ್ಮಂತಿತ್ತು, "ಇದು ಪ್ರವಾಹದಲ್ಲಿ ಮುಳುಗಿದ್ದ ಕಾರು, ವಾಸನೆ ಮುಚ್ಚೋಕೆ ವಾಸನೆ," ಅಂದ್ರು. ಇನ್ನೊಂದರ ಓನರ್ ಕಾಫಿ ತಂದುಕೊಟ್ಟ, ಅದಕ್ಕೇ ಬೇಡ ಅಂದ್ರು. "ಕದಿಯದೋನು ಕಾಫಿ ಯಾಕೆ ಕೊಡ್ತಾನೆ?"

ಬಿಲ್ಯಾನಾಗೆ ಮಾತ್ರ ಟೈಮಿಲ್ಲ. ಸೋಮವಾರ ಬೆಳಿಗ್ಗೆ ಅವಳು ಘಾಟಿ ಆಚೆ ಇರೋ ಕುದುರೆ ಆಸ್ಪತ್ರೇಲಿ ಇರ್ಬೇಕು. ಕಾಲೇಜಿನ ಅಷ್ಟು ಜನರಲ್ಲಿ ಅವಳೊಬ್ಬಳಿಗೇ ಅಲ್ಲಿ ಟ್ರೇನಿಂಗ್ ಸಿಕ್ಕಿದ್ದು. ಆ ಕಡೆ ಬಸ್ಸು ನಿಂತು ಎಷ್ಟೋ ಕಾಲವಾಯ್ತು. "ಬರೋಕಾಗದಿದ್ರೆ ಶನಿವಾರವೇ ಹೇಳಿಬಿಡಮ್ಮ, ಸರದೀಲಿ ಇನ್ನೊಬ್ಬ ಹುಡುಗ ಇದಾನೆ," ಅಂದಿದ್ರು ಅಲ್ಲಿನ ಡಾಕ್ಟರು. ಇವತ್ತೇ ಆ ಶನಿವಾರ.

ದುಪ್ನಿತ್ಸಾ ಊರಾಚೆ ಹೈವೇ ಪಕ್ಕದ ಈ ಮೈದಾನದ ತುಂಬ ಕಾರುಗಳೇ. ಮಾರೋನ ಹೆಸರು ಕ್ರೂಮ್. ಮಣಿಕಟ್ಟಲ್ಲಿ ಮಾರ್ಚ್ ತಿಂಗಳಲ್ಲಿ ಅದೃಷ್ಟಕ್ಕೆ ಅಂತ ಕಟ್ಕೊಳೋ ಕೆಂಪು ಬಿಳಿ ದಾರ, ಬಾಯಲ್ಲಿ ಬೆಣ್ಣೆ.

"ಇದು ನನ್ನ ಸ್ವಂತ ಅತ್ತೆ ಕಾರು ಸ್ವಾಮಿ. ರಿಟೈರ್ಡ್ ಟೀಚರ್ರು. ಚರ್ಚು, ಸಂತೆ, ಮನೆ. ಅಷ್ಟೇ ಓಡಿರೋದು."

"ಟೀಚರ್ರು," ಅಂದ್ರು ಕಾಮೆನ್. "ನಾನು ನೋಡಿದ ಅಷ್ಟೂ ಕಾರು ಟೀಚರ್ರದ್ದೇ. ಅಷ್ಟೊಂದು ಟೀಚರ್ರಿದ್ರೆ ಈ ದೇಶದ ಕತ್ತೆಗಳೂ ಓದು ಬರಹ ಕಲೀಬೇಕಿತ್ತು."

ಕ್ರೂಮ್ ನಕ್ಕ. ಕಾಮೆನ್ ನಗಲಿಲ್ಲ. ಜೇಬಿಂದ ಹಳೇ ಕಾಲುಚೀಲ ತೆಗೆದ್ರು, ಅದರೊಳಗೆ ಅಯಸ್ಕಾಂತ. ಬಣ್ಣದಡಿ ತಗಡಿದ್ರೆ ಅಂಟತ್ತೆ, ಗುದ್ದಿದ ಗುರುತು ಮುಚ್ಚೋಕೆ ಪುಟ್ಟಿ ಮೆತ್ತಿದ್ರೆ ಬಿದ್ದುಹೋಗತ್ತೆ. ಬಾಗಿಲು ಬಾಗಿಲಿಗೂ ಇಟ್ಟು ನೋಡಿದ್ರು. ಅಂಟ್ತು. ಆಯಿಲ್ ಮುಚ್ಚಳ ಬಿಚ್ಚಿ ಮೂಸಿದ್ರು. ಹೊಟ್ಟೆ ಮೇಲೆ ಮಲಗಿ ಕಾರಿನ ತಳ ನೋಡಿದ್ರು. ಎದ್ದಾಗ ಮುಖದಲ್ಲಿ ಬೇಜಾರು, ಹುಳುಕೇ ಸಿಕ್ಕಿಲ್ಲ ಅಂತ.

ಬೆಳ್ಳಿ ಬಣ್ಣದ ಪುಟ್ಟ ಕಾರು. ಇಂಥವು ಊರ ತುಂಬ ಇವೆ, ಬೀದಿ ಬೆಕ್ಕಿನ ಹಾಗೆ. ಸೀಟಿಗೆ ಹೊಸ ಕವರು.

"ಓಡಿಸಿ ನೋಡು ಪುಟ್ಟಿ," ಅಂದ್ರು ಕಾಮೆನ್.

ಬಿಲ್ಯಾನಾ ಸ್ಟೇರಿಂಗ್ ಹಿಡಿದು ಕೂತಳು. ಅಪ್ಪ ಪಕ್ಕದಲ್ಲಿ, ಕ್ರೂಮ್ ಹಿಂದೆ. ಕ್ಲಚ್ಚಿಂದ ಕಾಲು ಎತ್ತಿದಳು. ಕಾರು ಕದಲಲಿಲ್ಲ. ಇನ್ನೂ ಎತ್ತಿದಳು, ಇನ್ನೂ, ಪೂರ್ತಿ ಬಿಡೋ ಹೊತ್ತಿಗೆ ಹಿಡಿದುಕೊಂಡು ಮೆತ್ತಗೆ ಹೊರಡ್ತು. ಆಫ್ ಆಗಲಿಲ್ಲ, ಜರ್ಕೂ ಹೊಡೀಲಿಲ್ಲ. ಹೈವೇಗೆ ಬಂದು ಎರಡು, ಮೂರು, ನಾಲ್ಕನೇ ಗೇರ್. ನೀರು ಕುಡಿದಷ್ಟು ಸಲೀಸು.

"ನೋಡಿ ಸ್ವಾಮಿ! ಈ ಹುಡುಗಿಗೋಸ್ಕರವೇ ಹುಟ್ಟಿರೋ ಕಾರು!" ಅಂದ ಕ್ರೂಮ್.

ಕಾಮೆನ್ ಮಗಳ ಕೈಯನ್ನೇ ನೋಡ್ತಿದ್ರು. ಮೈದಾನಕ್ಕೆ ವಾಪಸ್ ಬಂದು ನಿಲ್ಲಿಸಿದಾಗ ಗಂಟಲು ಸರಿಮಾಡ್ಕೊಂಡ್ರು.

"ಪರವಾಗಿಲ್ಲ ಇದು," ಅಂದ್ರು. "ತಗೊಳೋಣ."

ಅಪ್ಪನ ಬಾಯಲ್ಲಿ ಈ ಮಾತು! ಬಿಲ್ಯಾನಾ ಕುಣೀಬೇಕಿತ್ತು. ಕುಣಿಯೋಕೆ ಮನಸ್ಸೂ ಇತ್ತು. ಆದ್ರೆ ಕೈ ಇನ್ನೂ ಗೇರ್ ಮೇಲೇ ಇತ್ತು, ಆ ಕೈ ಏನೋ ಹೇಳ್ತಿತ್ತು.

ಮೂರನೇ ಗೇರ್ ಹಾಕುವಾಗ ಅವಳು ಅದನ್ನ ಮೊದಲು ತನ್ನ ಮೊಣಕಾಲು ಕಡೆ ಒಂಚೂರು ಎಳೆದು, ಆಮೇಲೆ ಮುಂದಕ್ಕೆ ತಳ್ಳಿದ್ಲು. ಹಾಗೆ ಮಾಡು ಅಂತ ಇಲ್ಲಿ ಯಾರೂ ಹೇಳಿಕೊಡಲಿಲ್ಲ. ಕ್ಲಚ್ ಅಷ್ಟು ಮೇಲೆ ಹಿಡಿಯತ್ತೆ ಅಂತಲೂ ಯಾರೂ ಹೇಳಲಿಲ್ಲ, ಆದ್ರೂ ಕಾಲು ಕಾದುಕೊಂಡಿತ್ತು. ಅವಳು ಹುಟ್ಟಿದಾಗಿಂದ ಓಡಿಸಿರೋದೇ ಒಂದೇ ಒಂದು ಕಾರು, ಡ್ರೈವಿಂಗ್ ಸ್ಕೂಲಿಂದು. ತ್ಸಾಂಕೋ ಮೇಷ್ಟ್ರು ಪಕ್ಕದ ಸೀಟಲ್ಲಿ ಕೂತು ಸೂರ್ಯಕಾಂತಿ ಬೀಜ ಕಚ್ಚುತ್ತಾ ಬಯ್ಯೋರು: "ಗುದ್ದಬೇಡವೇ ಹುಡುಗಿ! ಮೂರನೇ ಗೇರು ಮುನಿಸಿಕೊಂಡ ಹೆಂಡ್ತಿ ಇದ್ದ ಹಾಗೆ. ಹತ್ರ ಎಳ್ಕೋ, ಆಮೇಲೆ ಮಾತಾಡು." ಮೇಷ್ಟ್ರು ಚಳಿಗಾಲದಲ್ಲಿ ಸ್ಕೂಲು ಮುಚ್ಚಿ, ಎಲ್ಲಾ ಮಾರಿ, ಮಗಳ ಊರಿಗೆ ಹೋದ್ರು. ಅವರ ಕಾರೂ ಬೆಳ್ಳಿ ಬಣ್ಣದ್ದೇ.

ಛೆ, ಬೆಳ್ಳಿ ಬಣ್ಣದ ಕಾರು ಸಾವಿರ ಇದಾವೆ, ಅಂದ್ಕೊಂಡಳು. ಆದ್ರೂ ಇಳಿಯುವಾಗ ಬೇಕಂತಲೇ ಫೋನ್ ಬೀಳಿಸಿದಳು. ಅದನ್ನ ಹುಡುಕೋ ನೆಪದಲ್ಲಿ ಪಕ್ಕದ ಸೀಟಿನಡಿ ಕೈ ಹಾಕಿದಳು. ಸೀಟು ಜಾರೋ ಕಂಬಿ ಸಂದೀಲಿ ಬೆರಳಿಗೆ ಏನೋ ಚುಚ್ಚಿತು. ಸೂರ್ಯಕಾಂತಿ ಬೀಜದ ಸಿಪ್ಪೆ. ಒಂದಲ್ಲ, ಒಂದು ಹಿಡಿ.

ಬಾಯಿ ಮುಚ್ಕೊಂಡಿದ್ರೆ ಸೋಮವಾರ ಕುದುರೆಗಳು. ಬಾಯಿ ಬಿಟ್ರೆ ಏನೂ ಇಲ್ಲ. ಅಪ್ಪ ಆಗಲೇ ಜೇಬಿಗೆ ಕೈ ಹಾಕ್ತಿದ್ರು. ಯಾರನ್ನೂ ನಂಬದ ಮನುಷ್ಯ ಜನ್ಮದಲ್ಲಿ ಮೊದಲ ಸಲ ಒಂದನ್ನ ನಂಬಿದ್ರು, ಅದೂ ಇವಳ ಕೈ ನೋಡಿ. ಕ್ಲಚ್ ಅಷ್ಟು ಮೇಲೆ ಹಿಡಿಯತ್ತೆ ಅಂದ್ರೆ ಸವೆದು ಮುಗೀತಾ ಬಂದಿದೆ ಅಂತ. ಯಾಕೆ ಸವೆಯಲ್ಲ? ಊರಿನ ಹುಡುಗರೆಲ್ಲಾ ಸೇರಿ ಅದನ್ನ ಅರೆದು ತಿಂದಿದಾರೆ, ಅದರಲ್ಲಿ ಇವಳ ಪಾಲೂ ಇದೆ. ಘಾಟೀಲಿ ಅದು ಕೈಕೊಟ್ರೆ?

"ಅಣ್ಣಾ," ಅಂದಳು ಕ್ರೂಮ್‌ಗೆ, "ನಿಮ್ಮತ್ತೆ ಕಾರಲ್ಲಿ ಕೂತು ಸೂರ್ಯಕಾಂತಿ ಬೀಜ ತಿಂತಿದ್ರಾ?"

"ಅಯ್ಯೋ ಇಲ್ಲಮ್ಮ! ಅಷ್ಟು ನೀಟು ಹೆಂಗಸು. ಅದೂ ಅಲ್ದೆ ಪಾಪ, ಬಾಯಲ್ಲಿ ಒಂದು ಹಲ್ಲಿಲ್ಲ."

ಬಿಲ್ಯಾನಾ ಮುಷ್ಟಿ ಬಿಚ್ಚಿದಳು. ಸಿಪ್ಪೆ ನೋಡಿ ಕಾಮೆನ್ ಕೈ ಜೇಬಲ್ಲೇ ನಿಂತ್ಕೊಳ್ತು.

"ಅಪ್ಪಾ, ಆ ಸೀಟಿನ ಮುಂದಿರೋ ಮ್ಯಾಟ್ ಎತ್ತು."

ಕಾಮೆನ್ ಎತ್ತಿದ್ರು. ಕಾಲಿಡೋ ಜಾಗದಲ್ಲಿ ರಬ್ಬರ್ ಬಿರಡೆ ತುರುಕಿದ ತೂತುಗಳು.

"ಮೇಷ್ಟ್ರ ಬ್ರೇಕು, ಮೇಷ್ಟ್ರ ಕ್ಲಚ್ಚು ಇದ್ದ ಜಾಗ," ಅಂದಳು ಬಿಲ್ಯಾನಾ. "ಇದು ನಾನು ಕಲಿತ ಕಾರು ಅಪ್ಪ. ಅದಕ್ಕೇ ಅಷ್ಟು ಚೆನ್ನಾಗಿ ಓಡಿಸಿದ್ದು ನಾನು. ನನಗೆ ಅಷ್ಟೆಲ್ಲಾ ಬರಲ್ಲ."

ಕ್ರೂಮ್ ಮುಖ ಸೀದ ರೊಟ್ಟಿ ಹಾಗಾಯ್ತು. "ಸ್ಕೂಲ್ ಕಾರಾದ್ರೆ ಏನೀಗ? ಸರ್ವಿಸ್ ಎಲ್ಲಾ ಕರೆಕ್ಟಾಗಿ ಮಾಡಿಸಿರ್ತಾರೆ."

"ಹಾಗಿದ್ರೆ ಅದನ್ನೇ ಹೇಳಬೇಕಿತ್ತು," ಅಂದ್ರು ಕಾಮೆನ್. "ಆ ಹಲ್ಲಿಲ್ಲದ ಮುದುಕೀನ ಯಾಕಪ್ಪಾ ಮಧ್ಯೆ ಎಳೆದೆ?"

ಅಪ್ಪ ಮಗಳು ತಾವು ಬಂದಿದ್ದ ಹಳೇ ಡೀಸೆಲ್ ಕಾರಿನವರೆಗೂ ನಡೆದ್ರು. ಆ ಕಾರನ್ನ ಕಾಮೆನ್ ಹೆಂಡತಿಗೂ ಕೊಟ್ಟೋರಲ್ಲ. ವಾರಪೂರ್ತಿ ಅದು ಮನೆ ಮುಂದೆ ಕಂಬಳಿ ಹೊದ್ದು ಮಲಗಿರತ್ತೆ, ಅವರು ಟ್ರೇನಲ್ಲಿ ಊರೂರು ಸುತ್ತುತಾರೆ. ಬಿಲ್ಯಾನಾ ಫೋನ್ ತೆಗೆದಳು, ಡಾಕ್ಟರಿಗೆ ಬರೋಕಾಗಲ್ಲ ಅಂತ ಮೆಸೇಜ್ ಹಾಕೋಕೆ. ಕಣ್ಣು ಮಂಜಾಗಿ ಅಕ್ಷರ ಕಾಣ್ಲಿಲ್ಲ.

ತಲೆ ಎತ್ತಿ ನೋಡಿದ್ರೆ ಅಪ್ಪ ಪಕ್ಕದ ಸೀಟಲ್ಲಿ ಕೂತಿದಾರೆ. ಕೀ ಸ್ಟೇರಿಂಗ್ ಪಕ್ಕ ನೇತಾಡ್ತಿದೆ.

"ಹತ್ತು," ಅಂದ್ರು.

"ನಾನಾ?"

"ಮತ್ತೆ ಕ್ರೂಮ್ ಅತ್ತೆನಾ? ಆ ಘಾಟಿ ರಸ್ತೆ ಒಂದ್ಸಲ ನನ್ನೆದುರಿಗೇ ಓಡಿಸಿ ತೋರಿಸು. ಸೋಮವಾರ ಒಬ್ಬಳೇ ಹೋಗುವಂತೆ. ಒಳ್ಳೇ ಕಾರು ಸಿಗೋವರೆಗೆ ಇದೇ."

ಬಿಲ್ಯಾನಾ ಫೋನ್ ಜೇಬಿಗೆ ಹಾಕಿದಳು. "ಇದನ್ನ ನಾನು ಕೇಳಲೇ ಇಲ್ವಲ್ಲ ಅಪ್ಪ! ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ."

ಹತ್ತಿದಳು. ಅಪ್ಪನ ಕ್ಲಚ್ ಎಲ್ಲೋ ಕೆಳಗೇ ಹಿಡಿಯತ್ತೆ, ಅವಳಿಗೇನು ಗೊತ್ತು? ಕಾರು ಕಪ್ಪೆ ಹಾಗೆ ಒಂದು ನೆಗೆದು ಆಫ್ ಆಯ್ತು. ಎರಡನೇ ಸಲಾನೂ ಆಫ್. ಆಚೆ ಕ್ರೂಮ್ ಕಿಸಿಕಿಸಿ ನಗ್ತಿದ್ದ.

ಕಾಮೆನ್ ಬೆಲ್ಟ್ ಬಿಗಿ ಮಾಡ್ಕೊಂಡ್ರು. ಮೂರನೇ ಸಲ ಕಾರು ಹೈವೇಗೆ ಬಂತು. ಎದುರಿಂದ ಒಂದು ಲಾರಿ ಬಂದಾಗ ಅವಳು ಓರೆಗಣ್ಣಲ್ಲಿ ನೋಡಿದಳು, ಅಪ್ಪನ ಬಲಗಾಲು ಮ್ಯಾಟ್ ಮೇಲೆ ಗಟ್ಟಿಯಾಗಿ ಊರಿತ್ತು.

"ಅಲ್ಲಿ ಬ್ರೇಕ್ ಇಲ್ಲ ಅಪ್ಪ."

"ಗೊತ್ತು ನಂಗೆ," ಅಂತ ಕಾಮೆನ್ ಇನ್ನೂ ಜೋರಾಗಿ ತುಳಿದ್ರು.