ಬಿದ್ದ ಚಂದ್ರನ ಬಾವಿ

ನೂಲ ಎಂಬ ಊರಿನ ಜಿನಗೊಂಡ ಪಾಟೀಲರಿಗೆ ಹೊಲ ಇತ್ತು, ಎತ್ತು ಇದ್ದವು, ಊರಲ್ಲಿ ಮಾನ ಇತ್ತು. ಇಷ್ಟು ಸಾಲದೆಂಬಂತೆ ಒಂದು ಶೋಧವೂ ಇತ್ತು. ಆ ಶೋಧವೊಂದು ಇಲ್ಲದಿದ್ದರೆ ತನ್ನಷ್ಟು ಸುಖಿ ಗಡಹಿಂಗ್ಲಜ ತಾಲೂಕಿನಲ್ಲೇ ಇರುತ್ತಿರಲಿಲ್ಲ ಎಂದು ಅವರ ಹೆಂಡತಿ ಹೀರಾಬಾಯಿ ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಳು.

ಶೋಧ ಇಷ್ಟು. ಬಸದಿಯಲ್ಲಿ ಓದುವ ಶಾಸ್ತ್ರದ ಪ್ರಕಾರ ಜಂಬೂದ್ವೀಪಕ್ಕೆ ಇಬ್ಬರು ಸೂರ್ಯರು, ಇಬ್ಬರು ಚಂದ್ರರು. ನಮಗೆ ಕಾಣುವವನು ಒಬ್ಬನೇ ಚಂದ್ರ. ಇನ್ನೊಬ್ಬ ಎಲ್ಲಿ ಹೋದ? ಬಿದ್ದ, ಎನ್ನುತ್ತಿದ್ದರು ಪಾಟೀಲರು. ಎಲ್ಲಿ ಬಿದ್ದ? ಇಲ್ಲೇ! ಕೊಲ್ಲಾಪುರದಿಂದ ಗಡಹಿಂಗ್ಲಜದವರೆಗೆ ಎಲ್ಲಿ ಗುದ್ದಲಿ ಹಾಕಿದರೂ ಸಿಗುವ ಈ ಕರಿಕಲ್ಲು ಆ ಚಂದ್ರನ ಚೂರುಗಳೇ. ಕಾಲದ ಕೊನೆಗೆ ಹೊಗೆ, ಧೂಳು, ವಿಷ, ಬೆಂಕಿ ಎಂದು ಏಳು ಕೆಟ್ಟ ಮಳೆಗಳು ಸುರಿಯುತ್ತವೆ, ಆಮೇಲೆ ನೀರಿನದು, ಹಾಲಿನದು, ಅಮೃತದ್ದು ಎಂದು ಒಳ್ಳೆಯ ಮಳೆಗಳು ಬರುತ್ತವೆ ಎಂದು ಶಾಸ್ತ್ರ ಹೇಳುತ್ತದಲ್ಲ, ಅದು ಚಂದ್ರ ಬಿದ್ದದ್ದನ್ನು ಕಣ್ಣಾರೆ ಕಂಡವರು ಹೇಳಿದ ಮಾತು. ಖಾಂಡವವನ ಸುಟ್ಟದ್ದೂ ಅದೇ ಬೆಂಕಿ, ಪಾದ್ರಿಗಳ ಕಥೆಯಲ್ಲಿ ಪ್ರಳಯದ ನಾವೆ ತೇಲಿದ್ದೂ ಅದೇ ನೀರು. ಇನ್ನೊಬ್ಬ ಸೂರ್ಯ ಏನಾದನೆಂಬುದು ಮಾತ್ರ ಅವರಿಗೆ ಇನ್ನೂ ಬಗೆಹರಿದಿರಲಿಲ್ಲ.

"ಪಾಟೀಲ್ರ, ಅದು ಮುಂದ ಆಗೂದು, ಹಿಂದ ಆದದ್ದಲ್ಲ" ಎಂದು ಬಸದಿಯ ಪಂಡಿತರು ಒಮ್ಮೆ ತಿದ್ದಲು ಹೋಗಿದ್ದರು.

"ಕಾಲಚಕ್ರ ಅಂತೀರಿ. ಚಕ್ರ ಅಂದಮ್ಯಾಗ ತಿರಗಬೇಕಲ್ರಿ? ಮುಂದ ಬರೂದು ಹಿಂದೂ ಒಮ್ಮಿ ಬಂದ ಹೋಗಿರತೈತಿ" ಎಂದು ಪಾಟೀಲರು ಅವರನ್ನೇ ಕಟ್ಟೆಯ ಮೇಲೆ ಕೂರಿಸಿಕೊಂಡು ಎರಡು ತಾಸು ವಿವರಿಸಿದರು. ಪಂಡಿತರು ಆಮೇಲೆ ಹಿಂದಿನ ಓಣಿಯಿಂದ ಓಡಾಡತೊಡಗಿದರು. ಶೋಧ ಹೇಳಲು ಹೋದ ಪಾಟೀಲರಿಗೆ ಕೊಲ್ಲಾಪುರದ ಒಬ್ಬ ಪ್ರೊಫೆಸರರು ಒಂದು ಚಹಾ ಕೊಟ್ಟರು, ಎರಡನೆಯದೂ ಕೊಟ್ಟರು, ಕೊನೆಗೆ ತಮಗೆ ಕ್ಲಾಸಿದೆ ಎಂದು ಎದ್ದರು. ಅಂದು ರವಿವಾರ.

ಇದನ್ನೆಲ್ಲ ಹೀರಾಬಾಯಿ ಹೇಗೋ ನುಂಗಿಕೊಂಡಿದ್ದಳು. ಆದರೆ ಮೂವತ್ತೆಂಟನೆಯ ಇಸವಿಯ ದೀಪಾವಳಿಗೆ ಇಚಲಕರಂಜಿಯ ಬೀಗರು ಬಂದಾಗ ಅವಳ ತಾಳ್ಮೆ ಮುಗಿಯಿತು. ಮಗಳು ಮಂಗಲಳನ್ನು ಕೊಟ್ಟ ಮನೆ ಅದು. ಮಗ್ಗದ ಕಾರಖಾನೆ ನಡೆಸುವ ದೊಡ್ಡ ಕುಳ. ಜೈನರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಉಣ್ಣುವಂತಿಲ್ಲ ಎಂದು ಅವಳು ಮೂರು ಗಂಟೆಗೇ ಹೋಳಿಗೆ ಮುಗಿಸಿ ಎಲೆ ತೊಳೆದಿಟ್ಟಿದ್ದಳು. ಪಾಟೀಲರು "ಒಂದ ಕಲ್ಲ ತೋರಿಸಿ ಕರಕೊಂಡ ಬರತೇನಿ" ಎಂದು ಬೀಗರನ್ನು ಕಲ್ಲುನೆಲದ ಮಡ್ಡಿಯ ಹೊಲಕ್ಕೆ ಕರೆದೊಯ್ದರು. ಅಲ್ಲಿ ಅವರ ಬಾಯಲ್ಲಿ ನಾಲ್ಕನೆಯ ಕೆಟ್ಟ ಮಳೆ ಸುರಿಯುವ ಹೊತ್ತಿಗೆ ಸೂರ್ಯ ಮುಳುಗಿದ. ಬೀಗರು ಮನೆಗೆ ಬಂದು, ಹೋಳಿಗೆಯ ವಾಸನೆ ಕುಡಿದು, ಖಾಲಿ ಹೊಟ್ಟೆಯಲ್ಲಿ ಮಲಗಿದರು.

ಮರುದಿನ ಬೀಗರ ಗಾಡಿ ಓಣಿ ದಾಟುತ್ತಲೂ ಹೀರಾಬಾಯಿ ಸೊಂಟಕ್ಕೆ ಸೆರಗು ಸಿಗಿಸಿದಳು.

"ಒಂದ ಪುರಾವೆ ತೋರಸ್ರಿ. ಇಲ್ಲಾಂದ್ರ ಇದನ್ನ ಬಿಟ್ಟ ಬಿಡ್ರಿ. ಈ ಮನ್ಯಾಗ ನಾನರ ಇರಬೇಕು, ನಿಮ್ಮ ಚಂದ್ರನರ ಇರಬೇಕು."

ಪಾಟೀಲರು ಹೆದರಲಿಲ್ಲ, ಹಿಗ್ಗಿದರು. ಮೂವತ್ತು ವರ್ಷಗಳಲ್ಲಿ ಪುರಾವೆ ಕೇಳಿದವರಲ್ಲಿ ಅವಳೇ ಮೊದಲಿಗಳು. "ಮಡ್ಡಿ ಹೊಲದಾಗ ಬಾವಿ ತಗಸ್ತೇನಿ. ಮ್ಯಾಲ ಕೆಟ್ಟ ಮಳಿ, ಅದರ ಕೆಳಗ ಒಳ್ಳೆ ಮಳಿ. ನೀರ ಬಿದ್ರ ನಿನ್ನ ಬಾಯಿ ಬಂದ್. ಬೀಳದಿದ್ರ ನಂದ ಬಂದ್" ಎಂದರು. ಅಷ್ಟಕ್ಕೇ ನಿಲ್ಲದೆ ಬಸದಿಗೆ ಹೋಗಿ, ಜಿನನ ಮುಂದೆ ನಿಂತು ಹಾಗೆಂದು ನಿಯಮವನ್ನೂ ತೆಗೆದುಕೊಂಡು ಬಂದರು. ದೇವರ ಮುಂದೆ ತೆಗೆದುಕೊಂಡ ನಿಯಮವನ್ನು ಅವರು ಜೀವ ಹೋದರೂ ಮುರಿಯುವವರಲ್ಲ. ಮಡ್ಡಿಯ ಕಲ್ಲಿನಲ್ಲಿ ನೀರು ಬೀಳುವುದುಂಟೇ? ಹೀರಾಬಾಯಿಗೆ ಗೆದ್ದಷ್ಟೇ ನೆಮ್ಮದಿಯಾಯಿತು.

ಬಾವಿ ತೆಗೆಯಲು ಹುಕ್ಕೇರಿ ಕಡೆಯ ಭರಮಪ್ಪ ತನ್ನ ಆಳುಗಳೊಡನೆ ಬಂದ. ಕಲ್ಲಿನ ಮೈ ತಟ್ಟಿ ಅದರ ಮನಸ್ಸು ಹೇಳುವಂಥ ಕೆಲಸಗಾರ; ಮಾತು ಕಡಿಮೆ. ಮೊದಲು ಕರಿಕಲ್ಲು ಬಂತು. ಆರಾಳು ಆಳಕ್ಕೆ ಹೋದಾಗ ಇಟ್ಟಂಗಿಯಂಥ ಕೆಂಪು ಮಣ್ಣಿನ ಪಟ್ಟಿ ಕಂಡಿತು. ಪಾಟೀಲರು ಬಾವಿಯ ದಂಡೆಯ ಮೇಲೆ ಕುಣಿದೇಬಿಟ್ಟರು. "ಬೆಂಕಿ ಮಳಿ! ಸುಟ್ಟ ಮಣ್ಣ ನೋಡ್ರೋ!"

"ಇಲ್ಲಿ ಜರಾ ತಂಪ ಐತ್ರಿ, ಪಾಟೀಲ್ರ" ಎಂದು ಭರಮಪ್ಪ ಕೆಳಗಿನಿಂದ ಕೂಗಿದ.

"ಬೆಂಕಿ ಮಳ್ಯಾಗ ತಂಪ ಎಲ್ಲಿಂದ ಬರತೈತಿ? ಒಳ್ಳೆ ಮಳಿ ಇನ್ನೂ ಕೆಳಗ ಐತಿ, ನಡಿ!"

ಕೆಳಗೆ ನಡೆದರು. ಇನ್ನೂ ಮೂರಾಳು ಇಳಿದರು. ಕಲ್ಲು ಕಬ್ಬಿಣವಾಯಿತು, ಹಾರೆಗಳು ಮೊಂಡಾದವು, ಮದ್ದಿಟ್ಟು ಸುರಂಗ ಹಾರಿಸಿದರೆ ಬರೀ ಹೊಗೆ ಬಂತು. ಯುಗಾದಿ ಕಳೆದ ವಾರ ಭರಮಪ್ಪ ಮೇಲೆ ಬಂದು ಹಾರೆಯನ್ನು ನೆಲಕ್ಕಿಟ್ಟ. "ಇನ್ನ ನಮ್ಮ ಕೈಲೆ ಆಗೂದಿಲ್ರಿ." ಬೆಟ್ಟ ಅಗೆದರೆ ಇಲಿಯಾದರೂ ಸಿಗುತ್ತದಂತೆ, ಪಾಟೀಲರಿಗೆ ಅದೂ ಸಿಗಲಿಲ್ಲ. ಅವರು ಬಾವಿಯೊಳಗೆ ಬಹಳ ಹೊತ್ತು ನೋಡಿದರು. ಮನೆಗೆ ಬಂದು ಕಾಲು ತೊಳೆದುಕೊಂಡರು, ಉಂಡರು, ಮಲಗಿದರು. ಚಂದ್ರನ ಹೆಸರೆತ್ತಲಿಲ್ಲ.

ಹೀರಾಬಾಯಿಗೆ ಮೊದಲೆರಡು ದಿನ ಹಬ್ಬ. ಎಂಥ ಶಾಂತಿ! ಮೂರನೆಯ ದಿನ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದ್ದೂ ಕೇಳಿಸತೊಡಗಿತು. ಪಾಟೀಲರು ಕೇಳಿದ್ದಕ್ಕೆ "ಹೂಂ" ಎನ್ನುತ್ತಿದ್ದರು, ಕೇಳದಿದ್ದರೆ ಅದೂ ಇಲ್ಲ. ಮೆಣಸಿನಕಾಯಿ ಕೊಳ್ಳಲು ಬಂದ ಜಯಸಿಂಗಪುರದ ವ್ಯಾಪಾರಿಯೊಬ್ಬ ಕಟ್ಟೆಯ ಮೇಲೆ ಕೂತು, ತಾನಾಗಿ, ಬೇಕೆಂದೇ ಕೆಣಕಿದ: "ಮತ್ತ, ನಿಮ್ಮ ಚಂದ್ರನ ಸುದ್ದಿ ಏನ್ರಿ ಪಾಟೀಲ್ರ?"

ಒಳಗಿದ್ದ ಹೀರಾಬಾಯಿ ಕೈಯ ಕೆಲಸ ಬಿಟ್ಟು ಬಾಗಿಲ ಮರೆಗೆ ಬಂದಳು.

"ಏನೂ ಇಲ್ರಿ" ಎಂದರು ಪಾಟೀಲರು. "ಧಾರಣಿ ಏನ ನಡದೈತಿ ಹೇಳ್ರಿ."

ಆ ಮಾತು ಅವಳ ಎದೆಗೆ ಚುಚ್ಚಿತು. ಆ ಶೋಧ ಸುಳ್ಳೋ ಖರೆಯೋ, ಅದರ ಮಾತೆತ್ತಿದಾಗ ಆ ಮನುಷ್ಯನ ಮುಖದಲ್ಲಿ ಇಪ್ಪತ್ತರ ಹರೆಯ ಬರುತ್ತಿತ್ತು. ಮದುವೆಯಾಗಿ ಬಂದಾಗ ಅವಳು ನೋಡಿದ್ದು ಆ ಮುಖವನ್ನೇ. ಈಗ ಅದು ಮನೆಯಿಂದ ಹೋಗಿಬಿಟ್ಟಿತ್ತು, ಓಡಿಸಿದವಳು ತಾನೇ. ಗೆದ್ದು ಸೋತೆನಲ್ಲ ಎಂದು ಅವಳಿಗೆ ಅಳು ಬಂತು. ನಿಯಮ ಮುರಿಯಿರಿ ಎಂದು ಹೇಳುವುದು ಹೇಗೆ? ಹೇಳಿದರೂ ಅವರು ಮುರಿಯುವವರಲ್ಲ.

ಬಾವಿಯ ಕಲ್ಲನ್ನೆಲ್ಲ ರಾಶಿ ಹಾಕಿ, ಕೂಲಿಯ ಲೆಕ್ಕ ಮುಗಿಸಿಕೊಂಡು ಹನ್ನೊಂದನೆಯ ದಿನ ಭರಮಪ್ಪ ಊರಿಗೆ ಹೊರಟ. ಹೇಳಿಹೋಗಲು ಬಂದವನನ್ನು ಹೀರಾಬಾಯಿ ಉಣ್ಣಲು ಕೂರಿಸಿದಳು. ಆಗಷ್ಟೇ ರೊಟ್ಟಿ ಮುಗಿಸಿ ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿದ್ದಳು. ಮೇಲಿನದಕ್ಕೆ ಕೈ ಹಾಕಿದರೆ ಅವನು ತಡೆದ.

"ನನಗ ತಳದಾನ್ವು ಕೊಡ್ರಿ ಅವ್ವಾರ. ಮ್ಯಾಲಿನ್ವು ಬಿಸಿ ಅದಾವ, ಪಾಟೀಲ್ರಿಗಿ ಇರ್ಲಿ. ಪಾಪ, ಭಾಳ ಸೊರಗ್ಯಾರ."

"ಆರಿದ್ದ ಯಾಕ ತಿಂತಿಯೋ? ತಳದ್ದು ಮೊದಲ ಮಾಡಿದ್ದು, ಮ್ಯಾಲಿಂದು ಆಮ್ಯಾಲ..."

ಅವಳ ಕೈ ಬುಟ್ಟಿಯ ಮೇಲೆಯೇ ನಿಂತಿತು.

ಮೊದಲು ಮಾಡಿದ್ದು ತಳದಲ್ಲಿ. ಆಮೇಲೆ ಮಾಡಿದ್ದು ಮೇಲೆ. ಮೊದಲು ಕೆಟ್ಟ ಮಳೆ, ಆಮೇಲೆ ಒಳ್ಳೆಯ ಮಳೆ. ಹಾಗಿದ್ದರೆ ಒಳ್ಳೆಯ ಮಳೆ ಕೆಳಗೆ ಹೇಗಿರುತ್ತದೆ? ಇವರು ಪುಸ್ತಕ ಓದಿದ ಹಾಗೆ ಮೇಲಿನಿಂದ ಕೆಳಕ್ಕೆ ಅಗೆದುಬಿಟ್ಟಿದ್ದಾರೆ! ನಾಲ್ಕು ಬುಕ್ಕು ಓದದ ಹೆಂಗಸಿಗೂ ಗೊತ್ತಾಗುವ ಮಾತು ಅದು, ಆದರೆ ರೊಟ್ಟಿ ಬಡಿದಿರಬೇಕು.

"ಭರಮಪ್ಪ, ಆ ಕೆಂಪ ಮಣ್ಣ ಬಂತಲ್ಲ, ಅದರ ಮ್ಯಾಲ ಏನಿತ್ತೋ?"

"ತೂತ ತೂತ ಕಲ್ಲ ಇತ್ರಿ. ಮೂಡಣ ಕಡೀ ಗ್ವಾಡಿ ಯಾವಾಗ್ಲೂ ಹಸೀನ. ನನ್ನ ಮಜ್ಜಿಗಿ ಗಡಗಿ ಅಲ್ಲೇ ಇಡತಿದ್ನಿ, ಸಂಜೀತನಕ ತಂಪ ಇರತಿತ್ತು."

"ಮತ್ತ ಹೇಳಬಾರ್ದಿತ್ತೇನೋ!"

"ಹೇಳಿದ್ನಿರಿ. ಬೆಂಕಿ ಮಳ್ಯಾಗ ತಂಪ ಎಲ್ಲೀದು ಅಂದ್ರು. ಶಾಣ್ಯಾರ ಮುಂದ ನಾ ಏನ ಹೇಳ್ಲಿ?"

ಸುಮ್ಮನಿದ್ದರೆ ಮನೆ ಹೀಗೆಯೇ ಶಾಂತವಾಗಿ ಇರುತ್ತಿತ್ತು. ಬೀಗರು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು, ಪಂಡಿತರು ಮುಂದಿನ ಓಣಿಯಿಂದಲೇ ಹೋಗುತ್ತಿದ್ದರು. ಇದನ್ನು ಹೀರಾಬಾಯಿ ಯೋಚಿಸಲಿಲ್ಲವೆಂದಲ್ಲ. ಒಂದೆರಡು ಉಸಿರಿನಷ್ಟು ಹೊತ್ತು ಯೋಚಿಸಿದಳು. ಆಮೇಲೆ ಹಿಟ್ಟಿನ ಕೈಯಲ್ಲಿಯೇ ಪಡಸಾಲೆಗೆ ಓಡಿದಳು.

ಪಾಟೀಲರು ಗೋಡೆಗೆ ಮುಖ ಮಾಡಿ ಮಲಗಿದ್ದರು.

"ರೀ, ಏಳ್ರಿ! ನೀವು ಶಾಸ್ತ್ರಾನ ತಲಿಕೆಳಗ ಅಗದೀರಿ!"

ಅವಳು ರೊಟ್ಟಿಯಿಂದ ಶುರುಮಾಡಿ ಮಜ್ಜಿಗೆಯ ಗಡಿಗೆಯವರೆಗೆ ಹೇಳಿದಳು. ಏಳು ಮಳೆಗಳ ಹೆಸರನ್ನೂ ಕ್ರಮವಾಗಿ ಹೇಳಿದಳು, ಒಂದೂ ತಪ್ಪಲಿಲ್ಲ. ಪಾಟೀಲರು ಎದ್ದು ಕೂತರು. ನೀರಿನ ಮಾತು ಅವರ ತಲೆಗೆ ಹೋದದ್ದು ಆಮೇಲೆ; ಮೊದಲು ಹೋದದ್ದು ಆ ಏಳು ಹೆಸರುಗಳು.

"ಅಂದ್ರ... ನೀ ಕೇಳಾಕತ್ತಿದ್ದೇನ? ಇಷ್ಟ ವರ್ಷ?"

"ಎರಡೂ ಕೈಲೆ ರೊಟ್ಟಿ ಬಡ್ಯಾಕಿ, ಕಿವಿ ಯಾವ ಕೈಲೆ ಮುಚ್ಕೋಬೇಕಿತ್ರಿ?"

ಅವರ ಮುಖದಲ್ಲಿ ಬೆಳಕು ಬಂತು, ಹಾಗೇ ಆರಿತು. "ನಿಯಮ ತಗೊಂಡೇನಿ. ಬಾವ್ಯಾಗ ನೀರ ಬೀಳಲಿಲ್ಲಲ್ಲ."

"ಬಾವ್ಯಾಗ ನೀರ ಬಿದ್ರ ಅಂತ ತಗೊಂಡೀರಿ. ತಳದಿಂದ ಬೀಳಬೇಕು, ಗ್ವಾಡ್ಯಾಗಿಂದ ಬೀಳಬಾರ್ದು ಅಂತ ತಗೊಂಡೀರೇನ? ಕೆಲಸ ಇನ್ನೂ ಮುಗದಿಲ್ಲ. ಭರಮಪ್ಪ ಇಲ್ಲೇ ಉಣ್ಣಾಕತ್ತಾನ!"

ಅವನ ಊಟ ಅರ್ಧಕ್ಕೇ ನಿಂತಿತು. ಮೂರು ದಿನ ಭರಮಪ್ಪ ಬಾವಿಯಲ್ಲಿ ಹಲಗೆ ಕಟ್ಟಿಕೊಂಡು, ಕೆಂಪು ಪಟ್ಟಿಯ ಮೇಲೆ ಮೂಡಣ ಗೋಡೆಗೆ ಅಡ್ಡಡ್ಡ ತೂತು ಕೊರೆದ. ನಾಲ್ಕನೆಯ ದಿನ ಮಧ್ಯಾಹ್ನ ಮದ್ದು ತುಂಬಿ, ಬತ್ತಿ ಹಚ್ಚಿ, ಹಗ್ಗ ಹಿಡಿದು ಮೇಲೆ ಬಂದವನೇ "ಸುರಂಗಾ!" ಎಂದು ಕೂಗಿ ಓಡಿದ. ನೋಡಲು ನೆರೆದ ಅರ್ಧ ಊರು ಅವನ ಹಿಂದೆಯೇ ಓಡಿತು. ಬೇವಿನ ಮರದ ಮರೆಯಲ್ಲಿ ಹೀರಾಬಾಯಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದಳು. ಯಾವ ಚಂದ್ರನಾದರೂ ಬಿದ್ದಿರಲಿ ಭಗವಂತಾ, ನೀರೊಂದು ಬೀಳಲಿ.

ನೆಲ ನಡುಗಿತು. ಕಲ್ಲು ಹಾರಿದವು, ಹೊಗೆ ಎದ್ದಿತು. ಆಮೇಲೆ ಏನೂ ಇಲ್ಲ.

ಏನೂ ಇಲ್ಲದ ಆ ಹೊತ್ತಿನಲ್ಲಿ ಮೊದಲು ಕೇಳಿಸಿದ್ದು ಅವಳಿಗೆ. ಹಂಡೆಗೆ ಮೇಲಿನಿಂದ ಕೊಡ ಸುರುವಿದಂಥ ಸಪ್ಪಳ. ಆದರೆ ಆ ಕೊಡ ಖಾಲಿಯಾಗುತ್ತಲೇ ಇರಲಿಲ್ಲ.

"ನೀರು!" ಎಂದು ಚೀರಿ ಅವಳು ಎಲ್ಲರಿಗಿಂತ ಮುಂದೆ ಓಡಿದಳು. ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. ಕೆಂಪು ಪಟ್ಟಿಯ ಮೇಲಿನಿಂದ ತೊಡೆಗಾತ್ರದ ನೀರು ಧುಮುಕುತ್ತಿತ್ತು. ಮೊದಲು ರಾಡಿ, ನೋಡುನೋಡುತ್ತ ತಿಳಿ. ಕೆಳಗೆ ದಂಡವಾಗಿ ಅಗೆದ ಮೂರಾಳು ಗುಂಡಿ ಈಗ ನೀರಿನ ತೊಟ್ಟಿಯಾಗಿ ತುಂಬತೊಡಗಿತು. ಭರಮಪ್ಪ ಹಗ್ಗ ಹಿಡಿದು ಇಳಿದವನು ನೀರಿನ ಕೆಳಗೆ ನಿಂತು ನಗುತ್ತಲೇ ಇದ್ದ. ತೊಯ್ದ ಮೈಯಲ್ಲೇ ಮೇಲೆ ಬಂದು ಪಾಟೀಲರನ್ನು ಅಪ್ಪಿ ಎತ್ತಿಬಿಟ್ಟ. ಪಾಟೀಲರ ರುಮಾಲು ಬಿತ್ತು, ಅವರಿಗೆ ಅದರ ಪರಿವೆಯಿಲ್ಲ.

ಚಂದ್ರ ಖರೆಯೇ ಬಿದ್ದಿದ್ದನೋ ಇಲ್ಲವೋ, ಭರಮಪ್ಪನ ಮಾತು ಮೊದಲೇ ಕೇಳಿದ್ದರೆ ಇಷ್ಟೆಲ್ಲ ಬೇಕಿತ್ತೋ ಇಲ್ಲವೋ, ಅಂದು ಯಾರೂ ಕೇಳಲಿಲ್ಲ. ಹೀರಾಬಾಯಿ ಮೊದಲ ಕೊಡವನ್ನು ಎರಡು ಪದರಿನ ಅರಿವೆಯಲ್ಲಿ ಸೋಸಿದಳು. ಆ ಅರಿವೆಯನ್ನು ಜಾಲಿಸಿದ ನೀರನ್ನು, ಅದರೊಳಗಿನ ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ತಾವು ಹೋಗಲೆಂದು, ಮತ್ತೆ ಅದೇ ಬಾವಿಗೆ ಇಳಿಬಿಟ್ಟಳು. ತಂಬಿಗೆ ತುಂಬಿ ಗಂಡನಿಗೆ ಕೊಟ್ಟಳು.

"ಮೊದಲ ನೀ ಕುಡಿ" ಎಂದರು ಪಾಟೀಲರು. ಇಡೀ ಊರಿನ ಮುಂದೆ ಎಂದರು.

ಅವಳು ನಾಚುತ್ತಲೇ ಕುಡಿದಳು. ಹಲ್ಲು ಜುಮ್ಮೆನ್ನುವಷ್ಟು ತಂಪು, ಸಿಹಿ. ಜನ ಒಬ್ಬೊಬ್ಬರಾಗಿ ನೀರು ಹೊತ್ತುಕೊಂಡು ಚದುರಿದರು. ಕಲ್ಲಿನ ರಾಶಿಯ ಹತ್ತಿರ ಗಂಡ ಹೆಂಡತಿ ಇಬ್ಬರೇ ಉಳಿದರು.

"ಹಂಗಾರ ಏಳೂ ಮಳಿ ತಳದಿಂದ ಎಣಸಬೇಕು" ಎಂದು ಪಾಟೀಲರು ತಮ್ಮಷ್ಟಕ್ಕೆ ಶುರುಮಾಡಿದರು. "ಅಂದ್ರ ಆ ಚಂದ್ರ..." ಎನ್ನುತ್ತ ಗಕ್ಕನೆ ನಿಂತು ಹೆಂಡತಿಯ ಮುಖ ನೋಡಿದರು. ಇಂಥ ಹೊತ್ತಿನಲ್ಲಿ ಅವಳು ಕೊಡವೋ ಕಸಬರಿಗೆಯೋ ಹಿಡಿದು ಏಳುವುದು ವಾಡಿಕೆ.

ಹೀರಾಬಾಯಿ ಏಳಲಿಲ್ಲ. ಒಂದು ಕರಿಕಲ್ಲು ನೋಡಿ, ಸೀರೆ ಸರಿಮಾಡಿಕೊಂಡು, ಅದರ ಮೇಲೆ ಆರಾಮವಾಗಿ ಕೂತಳು.

"ಅಂದ್ರ ಆ ಚಂದ್ರ? ಹೇಳ್ರಿ. ಮುಂದ ಏನಾತು?"

ಊರು, ಪಂಡಿತರು, ಪ್ರೊಫೆಸರರು ಯಾರೂ ಒಮ್ಮೆಯೂ ಕೇಳದ ಮಾತು ಅದು. ಪಾಟೀಲರು ಅಂಗೈಯಿಂದ ಕಣ್ಣೊರೆಸಿಕೊಂಡರು, ಅವಳ ಪಕ್ಕದ ಕಲ್ಲಿನ ಮೇಲೆ ಕೂತರು.

"ತಡಿ" ಎಂದರು. "ಮೊದಲಿಂದ ಹೇಳತೇನಿ."