ಗುಂಡಿಯ ತಳ

ಹೊಳೆನರಸೀಪುರಕ್ಕೆ ವರ್ಗವಾಗಿ ಬಂದ ವಾರದಲ್ಲೇ ನಟರಾಜು ಬಾಡಿಗೆ ಮನೆ ಹುಡುಕಿಕೊಂಡು ದೇವಸ್ಥಾನದ ಹಿಂದಿನ ಬೀದಿಗೆ ಹೋಗಿದ್ದ. ಹೆಂಡತಿ ಶೋಭಿತಾ ಜೊತೆಯಲ್ಲಿದ್ದಳು. ‘ಮನೆ ಬಾಡಿಗೆಗಿದೆ’ ಎಂಬ ಹಲಗೆ ತೂಗುತ್ತಿದ್ದ ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬಳು ನಗುನಗುತ್ತಲೇ ಮಾತಾಡಿಸಿದಳು. ಸರ್ಕಾರಿ ಇಂಜಿನಿಯರ್ ಎಂದಾಗ ಕೂರಲು ಚಾಪೆ ಹಾಸಿದಳು. ಊರು ಸಾಲಗಾಮೆಯ ಹತ್ತಿರ ಎಂದಾಗ, ಅಲ್ಲಿ ಯಾವ ಜನ ಎಂದು ಕೇಳಿದಳು. ನಟರಾಜು ಮುಚ್ಚಿಡದೆ ಹೇಳಿದ. ಅವಳು ಮಾತು ನಿಲ್ಲಿಸಿ ಒಳಕ್ಕೆ ತಿರುಗಿ ನೋಡಿದಳು. ಪಂಚೆಯುಟ್ಟ, ದಪ್ಪ ಕನ್ನಡಕದ, ಐವತ್ತರ ಆಸುಪಾಸಿನ ಗಂಡಸೊಬ್ಬ ಹೊರಗೆ ಬಂದ.

“ಮನೆ ನಿನ್ನೇನೇ ಕೊಟ್ಟಾಯ್ತಲ್ರೀ. ನಮ್ಮಕ್ಕ ಹಲಗೆ ತೆಗೆಯೋದು ಮರೆತಿದ್ದಾಳೆ, ಅಷ್ಟೆ.”

ಅದಾದ ಮೇಲೂ ಆ ಹಲಗೆ ಬಹಳ ದಿನ ಅಲ್ಲೇ ತೂಗಾಡುತ್ತಿತ್ತು. ತರಕಾರಿ ತರಲು ಹೋದಾಗಲೆಲ್ಲ ಶೋಭಿತಾ ನೋಡಿ ಬಂದು ಹೇಳುತ್ತಿದ್ದಳು. “ನೋಡೋಕೆ ಯಾಕೆ ಹೋಗ್ತೀಯೆ?” ಎಂದು ನಟರಾಜು ರೇಗುತ್ತಿದ್ದ. ಕೊನೆಗೆ ಅವರು ಬಸ್ ನಿಲ್ದಾಣದ ಆಚೆ ಲಾರಿ ಗ್ಯಾರೇಜೊಂದರ ಮಹಡಿಯಲ್ಲಿ ಸಂಸಾರ ಹೂಡಿದರು. ಬೆಳಗಾದರೆ ತಗಡು ಬಡಿಯುವ ಸದ್ದು.

ಆ ದಪ್ಪ ಕನ್ನಡಕವನ್ನು ಅವನು ಮತ್ತೆ ಕಂಡದ್ದು ಸೇತುವೆ ಕೆಲಸದಲ್ಲಿ. ಅದು ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆ. ಅರಕಲಗೂಡಿನ ದಾರಿಯಲ್ಲಿ, ಹೇಮಾವತಿಗೆ ಸೇರುವ ಹಳ್ಳವೊಂದಕ್ಕೆ ಹೊಸ ಸೇತುವೆ ಕಟ್ಟುತ್ತಿದ್ದರು. ಗುತ್ತಿಗೆ ಹಿಡಿದಿದ್ದ ಕಂಪನಿಯ ಇಂಜಿನಿಯರ್ ಆತನೇ. ಹೆಸರು ಯೋಗಾನರಸಿಂಹ. ಅರ್ಚಕರ ಮನೆತನ, ಮನೆಯಲ್ಲಿ ಮೊದಲು ಓದಿ ಹೊರಗೆ ದುಡಿಯಲು ಹೋದವನು ಅವನೇ. ಹತ್ತಾರು ಸೇತುವೆ ಕಟ್ಟಿದ್ದ. ಅವನ ಕೆಲಸ ನೋಡಿ ಇದು ಸರಿ, ಇದು ತಪ್ಪು ಎನ್ನಬೇಕಾದವನು ಇಲಾಖೆಯ ನಟರಾಜು.

ಇಬ್ಬರೂ ಗುರುತು ಹಿಡಿದರು. ಇಬ್ಬರೂ ಗುರುತಿಲ್ಲದವರಂತೆ ನಮಸ್ಕಾರ ಹೇಳಿಕೊಂಡರು.

ಹಳ್ಳದ ಮೇಲ್ಮಣ್ಣು ಬರೀ ಗೋಡು, ನೀರು ತಂದು ಹಾಕಿದ ಮೆತ್ತನೆ ಮಣ್ಣು. ಅದರ ಕೆಳಗೆ ಮರಳು, ಗುಂಡುಕಲ್ಲು, ಅದಕ್ಕೂ ಕೆಳಗೆ ಬಂಡೆ. ಎರಕ ಹೊಯ್ದ ಕಂಬಗಳನ್ನು ತಂದು ಭಾರದ ಸುತ್ತಿಗೆಯಿಂದ ಹೊಡೆದಿಳಿಸುವ ಪದ್ಧತಿ ಇಲ್ಲಿ ನಡೆಯುತ್ತಿರಲಿಲ್ಲ. ಗುಂಡುಕಲ್ಲಿಗೆ ತಾಗಿದರೆ ಕಂಬದ ತಲೆಯೇ ಒಡೆಯುತ್ತಿತ್ತು. ಹಾಗಾಗಿ ಸೇತುವೆಯ ಕಂಬಗಳನ್ನು ಹೊರುವ ಪೈಲುಗಳನ್ನು, ಅಂದರೆ ಅಡಿಪಾಯದ ಕಾಂಕ್ರೀಟು ಕಾಲುಗಳನ್ನು, ನೆಲದೊಳಗೇ ಎರೆಯುತ್ತಿದ್ದರು. ಮೂರು ಕಾಲಿನ ಕಬ್ಬಿಣದ ಗೋಪುರ ನಿಲ್ಲಿಸಿ, ಹಗ್ಗ ಎಳೆಯುವ ಡೀಸೆಲ್ ವಿಂಚಿನಿಂದ ಉಳಿಯಂಥ ಭಾರವನ್ನು ಎತ್ತಿ ಎತ್ತಿ ಹಾಕಿ, ಬಂಡೆ ಸಿಗುವ ತನಕ ಗುಂಡಿ ಕೊರೆಯುವುದು. ಪಕ್ಕದ ಮಣ್ಣು ಕುಸಿಯದಂತೆ ಬೆಂಟೊನೈಟ್ ಎಂಬ ಜೇಡಿ ಕಲಸಿದ ಗಂಜಿಯಂಥ ನೀರನ್ನು ಗುಂಡಿಯ ಬಾಯಿವರೆಗೂ ತುಂಬಿಡುವುದು. ಆಮೇಲೆ ಕಂಬಿಯ ಪಂಜರ ಇಳಿಸಿ, ಅದರ ನಡುವೆ ತಳದವರೆಗೂ ಉದ್ದದ ಪೈಪು ಬಿಟ್ಟು, ಮೇಲಿನ ಆಲಿಕೆಯಿಂದ ಕಾಂಕ್ರೀಟು ಸುರಿಯುವುದು. ಕಾಂಕ್ರೀಟು ತಳದಿಂದ ಮೇಲೇರುತ್ತ ಜೇಡಿನೀರನ್ನು ಹೊರಕ್ಕೆ ತಳ್ಳುತ್ತದೆ. ಪೈಪನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತ ಹೋಗಬೇಕು. ಆದರೆ ಅದರ ಬಾಯಿ ಯಾವಾಗಲೂ ಕಾಂಕ್ರೀಟಿನೊಳಗೆ ಹೂತಿರಬೇಕು. ಹೊರಗೆ ಬಂತೋ, ಕೆಸರು ನುಗ್ಗಿ ಪೈಲು ನಡುವೆ ತುಂಡಾದಂತೆಯೇ. ನೆಲದ ಕೆಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲ ದಿನದಿಂದಲೇ ಜಗಳ ಶುರುವಾಯಿತು. ಜಲ್ಲಿಯಲ್ಲಿ ಮಣ್ಣಿದೆ ಎಂದು ನಟರಾಜು ಲಾರಿಯನ್ನೇ ವಾಪಸು ಕಳಿಸಿದ. ಮಣ್ಣಿದ್ದದ್ದು ನಿಜ, ತೊಳೆದರೆ ಸಾಕಾಗುತ್ತಿತ್ತು ಎಂಬುದೂ ನಿಜ. ಯೋಗಾನರಸಿಂಹ ಕೆಲಸಗಾರರ ಎದುರಿಗೇ, “ರೀ ನಟರಾಜು, ಪುಸ್ತಕ ಓದಿಕೊಂಡು ಬಂದಿದ್ದೀರಿ, ಸಂತೋಷ. ಇಲ್ಲಿ ಸೇತುವೆ ಕಟ್ಟಬೇಕು,” ಎಂದ. ಎಲ್ಲರೂ ‘ಸಾ’ ಎಂದರೆ ಅವನೊಬ್ಬ ಬರೀ ಹೆಸರು ಹಿಡಿದು ಕರೆಯುತ್ತಿದ್ದ. ಶೆಡ್ಡಿನಲ್ಲಿ ಟೀ ಬಂದರೆ ತನ್ನ ಫ್ಲಾಸ್ಕು ತೆಗೆದು ಬೇರೆ ಕಡೆ ಹೋಗಿ ಕೂರುತ್ತಿದ್ದ. ನಟರಾಜುವೂ ಬಿಡಲಿಲ್ಲ. ಸಹಿ ಹಾಕುವ ಕಾಗದವನ್ನು ಬೇಕೆಂದೇ ಮಧ್ಯಾಹ್ನದವರೆಗೆ ಜೇಬಿನಲ್ಲಿಟ್ಟುಕೊಂಡು, ಆ ಮನುಷ್ಯನನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದ. ಹಾಗೆ ನಿಲ್ಲಿಸಿದಾಗ ಅವನಿಗೆ ಖುಷಿಯಾಗುತ್ತಿತ್ತು.

ಪೈಲು ತಂಡದ ಮೇಸ್ತ್ರಿ ಈಶ್ವರಯ್ಯ ಇಬ್ಬರ ನಡುವೆ ಸಿಕ್ಕಿ ಒದ್ದಾಡುತ್ತಿದ್ದ. ಬಾಗೂರಿನವನು, ಕಂಪನಿಯಲ್ಲಿ ಹಳಬ. “ಇವ್ರಿಬ್ರ ಮದ್ಯ ವಿಂಚಿನ ಅಗ್ಗ ಆಗೋಗಿವ್ನಿ ಕಣ್ಲಾ,” ಎಂದು ಆಳುಗಳ ಹತ್ತಿರ ಗೊಣಗುತ್ತಿದ್ದ.

ಎರಡನೇ ಕಂಬದ ಪೈಲು ಎರೆಯುವ ದಿನ ಪೈಪು ಸಿಕ್ಕಿಕೊಂಡಿತು. ಕಾಂಕ್ರೀಟು ಅರ್ಧಕ್ಕೆ ಬಂದಿತ್ತು. ಆಲಿಕೆ ತುಂಬಿ ನಿಂತುಬಿಟ್ಟಿತು; ಏನು ಮಾಡಿದರೂ ಕೆಳಗಿಳಿಯದು.

“ಪೈಪು ಎತ್ತು ಈಶ್ವರಯ್ಯ, ಜೋರಾಗಿ ಒಂದು ಜಗ್ಗು ಕೊಡು,” ಎಂದ ಯೋಗಾನರಸಿಂಹ.

“ಎತ್ತಬೇಡಿ!” ಎಂದು ನಟರಾಜು ಕೂಗಿದ.

ವಿಂಚು ಆಗಲೇ ಎಳೆದಿತ್ತು. ಪೈಪು ತಟ್ಟನೆ ಮೇಲೆ ಜಿಗಿಯಿತು. ಆಲಿಕೆಯಲ್ಲಿದ್ದುದೆಲ್ಲ ಗುಳುಕ್ಕೆಂದು ಒಳಗೆ ಇಳಿದುಹೋಯಿತು. ಗುಂಡಿಯ ಬಾಯಲ್ಲಿ ಬೂದು ನೀರು ಕೊತಕೊತ ಉಕ್ಕಿತು.

“ಬಾಯಿ ಹೊರಗೆ ಬಂತು. ನಾನು ನೋಡಿದೆ. ಈ ಪೈಲು ಸತ್ತುಹೋಯ್ತು,” ಎಂದ ನಟರಾಜು.

“ಏನು ನೋಡಿದಿರಿ? ಪೈಪಿನ ಬಾಯಿ ನೆಲದ ಕೆಳಗಿದೆ. ನಿಮಗೇನು ದಿವ್ಯದೃಷ್ಟಿ ಇದೆಯಾ? ಇನ್ನೂ ಗಂಡಾಳುದ್ದ ಕಾಂಕ್ರೀಟಿನೊಳಗಿತ್ತು. ಸುರೀರೋ!”

ಸುರಿದು ಮುಗಿಸಿದರು. ಸಂಜೆಯೊಳಗೆ ನಟರಾಜು ಆ ಪೈಲನ್ನು ತಿರಸ್ಕರಿಸಿ ಬರೆದ. ಮರುದಿನವೇ ಯೋಗಾನರಸಿಂಹ ಹಾಸನಕ್ಕೆ ಹೋಗಿ, ನಟರಾಜುವಿನ ಮೇಲಧಿಕಾರಿ ಪರಮಶಿವಯ್ಯನ ಮುಂದೆ ಕೂತ. ಈ ಹುಡುಗ ನಮ್ಮ ಜನದ ಮೇಲಿನ ಹಗೆಯನ್ನು ಸೇತುವೆಯ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ ಎಂದ. ನಿವೃತ್ತಿಗೆ ಹತ್ತಿರವಾಗಿದ್ದ ಪರಮಶಿವಯ್ಯನಿಗೆ ಯಾರ ಉಸಾಬರಿಯೂ ಬೇಡವಾಗಿತ್ತು. ಪೈಲು ಗಟ್ಟಿಯಾದ ಮೇಲೆ ತಲೆಯಿಂದ ತಳದವರೆಗೂ ಕೊರೆದು ತುಂಡು ತೆಗೆದು ನೋಡಿ, ಕಂಡದ್ದನ್ನು ಇಬ್ಬರೂ ಒಪ್ಪಿಕೊಳ್ಳಿ ಎಂದು ಹೇಳಿ ಕಳಿಸಿದ.

ಕೊರೆಯುವ ದಿನ ಪರಮಶಿವಯ್ಯನೂ ಬಂದ. ಯಂತ್ರ ಕಿರುಗುಟ್ಟುತ್ತ ಇಳಿಯಿತು. ಒಳಗಿನಿಂದ ತೋಳಿನ ದಪ್ಪದ ಕಾಂಕ್ರೀಟು ಉರುಳೆಗಳನ್ನು ತೆಗೆದು ಹಲಗೆಯ ಮೇಲೆ ಸಾಲಾಗಿ ಜೋಡಿಸುತ್ತ ಹೋದರು. ನಟರಾಜು ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿದ. ಎಲ್ಲಿಯಾದರೂ ಒಂದು ಗೆರೆ ಜೇಡಿ, ಒಂದು ಸಡಿಲ ಜಲ್ಲಿ ಸಿಗಲಿ ಎಂದು ಹುಡುಕಿದ. ಸಿಗಲಿಲ್ಲ. ಪೈಪು ಜಿಗಿದ ಮಟ್ಟದ ತುಂಡು ಉಳಿದವುಗಳಷ್ಟೇ ಗಟ್ಟಿಯಾಗಿತ್ತು. ಕೊನೆಯ ತುಂಡು ಬಂಡೆಯನ್ನು ಕಚ್ಚಿಕೊಂಡೇ ಬಂತು.

ಯೋಗಾನರಸಿಂಹ ಆ ತುಂಡನ್ನು ಎತ್ತಿ ಎಲ್ಲರಿಗೂ ತೋರಿಸಿದ. “ನೋಡ್ಕೊಳ್ಳಿ. ಮೀಸಲಾತಿ ಸೀಟಲ್ಲಿ ಓದಿ ಬಂದ ಕಣ್ಣಿಗೆ ಕಾಂಕ್ರೀಟೂ ಕೆಸರಾಗೇ ಕಾಣೋದು.”

ಆಳುಗಳಲ್ಲಿ ಯಾರೋ ನಕ್ಕರು. ಪರಮಶಿವಯ್ಯ ಬೂಟಿನ ಮಣ್ಣು ನೋಡಿಕೊಂಡ.

“ಪೈಲು ಸರಿಯಾಗಿದೆ. ತಪ್ಪು ನನ್ನದು,” ಎಂದ ನಟರಾಜು. “ಆದರೆ ನೀವು ಆಡಿದ ಮಾತು ಪೈಲಿಗೆ ಸಂಬಂಧಪಟ್ಟಿದ್ದಲ್ಲ.”

“ಮಾತು ಯಾಕೆ ಹಿಡಿದುಕೊಳ್ತೀರಿ? ಪೈಪು ಹಿಡಿಯೋದು ಕಲೀರಿ.”

ಬೈಕಿನಲ್ಲಿ ಮನೆಗೆ ಹೋಗುವಾಗ ನಟರಾಜುವಿಗೆ ಅವಮಾನಕ್ಕಿಂತ ಬೇರೆಯದೊಂದು ಒಳಗೆ ಕೊರೆಯುತ್ತಿತ್ತು. ಪೈಪಿನ ಬಾಯಿ ಹೊರಬಂದದ್ದನ್ನು ಅವನು ಕಂಡಿರಲೇ ಇಲ್ಲ. ಬರಲಿ ಎಂದು ಕಾಯುತ್ತಿದ್ದ. ಶೋಭಿತಾಳಿಗೆ ಅದನ್ನೇ ಹೇಳಿದ. ಅವಳು ರೊಟ್ಟಿ ತಟ್ಟುತ್ತಿದ್ದಳು. “ಅದುಕ್ಕೆ ಅವ್ನು ಅಂಗ್ ಅನ್ನಬೌದಾ?” ಎಂದಳು. “ಎರ್ಡೂ ಒಂದೇನಾ?”

ಅಂದಿನಿಂದ ಕೆಲಸದ ಜಾಗದಲ್ಲಿ ನಟರಾಜುವಿನ ಬಾಯಿ ಕಟ್ಟಿತು. ತಪ್ಪು ಕಂಡರೂ, ಇದು ನಿಜವಾಗಿ ತಪ್ಪೋ ಅಥವಾ ನನ್ನ ಸಿಟ್ಟೋ ಎಂದು ಅಳೆದು ಸುರಿದು, ಹೇಳುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಯೋಗಾನರಸಿಂಹ ಕಾಗದ ಚಾಚಿದರೆ ಸುಮ್ಮನೆ ಸಹಿ ಹಾಕಿಬಿಡುತ್ತಿದ್ದ.

ಮುಂಗಾರು ಮೊದಲಾಯಿತು. ಹಳ್ಳದಲ್ಲಿ ಕೆಂಪು ನೀರು ಬರತೊಡಗಿತು. ನಡುವಿನ ಕಂಬದ ಕೊನೆಯ ಪೈಲೊಂದು ಬಾಕಿಯಿತ್ತು. ಅದು ಮುಗಿಯದಿದ್ದರೆ ಮಳೆಗಾಲವೆಲ್ಲ ಕೆಲಸ ನಿಲ್ಲುತ್ತಿತ್ತು. ಗುಂಡಿ ಕೊರೆದು, ತಳ ತೊಳೆದು, ಪಂಜರ ಇಳಿಸಿದ್ದರು. ಅಷ್ಟರಲ್ಲಿ ಮಳೆ ಹೊಡೆದು ರಾತ್ರಿಯೆಲ್ಲ ಹಾಗೇ ಬಿಡಬೇಕಾಯಿತು. ಬೆಳಿಗ್ಗೆ ನಟರಾಜು ಬಂದಾಗ ಗುಂಡಿಯ ಜೇಡಿನೀರು ಬಾಯಿಂದ ಕೆಳಗಿಳಿದಿತ್ತು. ಆಳುಗಳು ಅದಕ್ಕೆ ಹಳ್ಳದ ನೀರು ತುಂಬುತ್ತಿದ್ದರು. ಮಿಕ್ಸರ್ ತಿರುಗುತ್ತಿತ್ತು.

“ಆಳ ಮತ್ತೊಮ್ಮೆ ಅಳೆದಿರಾ?” ಎಂದು ನಟರಾಜು ಕೇಳಿದ.

“ನಿನ್ನೆ ನಿಮ್ಮೆದುರಿಗೇ ಅಳೆದಿದ್ದಾಯ್ತಲ್ಲ,” ಎಂದ ಯೋಗಾನರಸಿಂಹ.

“ನಿನ್ನೆ ಅಳೆದದ್ದು ನಿನ್ನೆಗಾಯ್ತು. ರಾತ್ರಿ ನೀರು ಇಳಿದಿದೆ. ಪಕ್ಕ ಕುಸಿದಿದ್ರೆ?”

“ಮತ್ತೆ ಶುರುವಾಯ್ತಾ ನಿಮ್ಮದು?”

ನಟರಾಜು ಹಿಂದೆ ಸರಿದ. ಹಲಗೆಯ ಮೇಲೆ ಸಾಲಾಗಿಟ್ಟ ಆ ಉರುಳೆಗಳು ಕಣ್ಣಿಗೆ ಕಟ್ಟಿದವು. ಈಗಲೂ ನನ್ನ ಸಿಟ್ಟೇ ಮಾತಾಡುತ್ತಿದೆಯೇ? ಅವನು ಒಂದು ಗಳಿಗೆ ತನ್ನೊಳಗೆ ಹುಡುಕಿದ. ಸಿಟ್ಟು ಇತ್ತು, ಇಲ್ಲವೆನ್ನಲು ಸಾಧ್ಯವಿಲ್ಲ. ಆದರೆ ನೀರು ಇಳಿದದ್ದೂ ಇತ್ತು. ಕಾಂಕ್ರೀಟಿನ ಮೊದಲ ತಳ್ಳುಗಾಡಿ ಹಲಗೆ ಹತ್ತಿ ಬರುತ್ತಿತ್ತು. ಅವನು ಓಡಿಹೋಗಿ ಎರಡು ತೋಳನ್ನೂ ಆಲಿಕೆಯ ಬಾಯಿಗೆ ಅಡ್ಡ ಹಾಕಿ ನಿಂತ.

“ಅಳೆಯೋ ತನಕ ಸುರಿಯೋಕೆ ಬಿಡಲ್ಲ.”

“ಈಚೆ ಬನ್ರೀ!”

“ಬರಲ್ಲ.”

ಯೋಗಾನರಸಿಂಹ ಹಲಗೆ ಹತ್ತಿ ಬಂದು ಅವನ ಕೊರಳಪಟ್ಟಿ ಹಿಡಿದ. ಅಂಗಿಯ ಗುಂಡಿ ಕಿತ್ತು ಕೆಸರಿಗೆ ಬಿತ್ತು. ಮುಖದ ಹತ್ತಿರ ಮುಖ ತಂದು, ಇಷ್ಟು ದಿನ ಸುತ್ತಿ ಬಳಸಿ ಆಡುತ್ತಿದ್ದುದನ್ನು ಈಗ ನೇರವಾಗಿ, ಜಾತಿಯ ಹೆಸರು ಹಿಡಿದು ಬೈದ. ತಳ್ಳುಗಾಡಿಯವನು ನಿಂತಲ್ಲೇ ನಿಂತ. ನಟರಾಜುವಿನ ತೋಳು ಆಲಿಕೆಯ ಕಬ್ಬಿಣವನ್ನು ಬಿಡಲಿಲ್ಲ.

ಈಶ್ವರಯ್ಯ ಹೋಗಿ ಮಿಕ್ಸರ್ ಆರಿಸಿದ. “ಬುಡಿ ಸಾ ಅವ್ರುನ್ನ. ಅಳುದ್ಬುಡಾನ,” ಎಂದ.

“ಕೊಡಿಲ್ಲಿ. ನಾನೇ ಅಳೀತೀನಿ. ಆಮೇಲೆ ಇವನನ್ನ ನೋಡ್ಕೊಳ್ತೀನಿ.” ಯೋಗಾನರಸಿಂಹ ಅಳತೆಯ ಹಗ್ಗ ಕಿತ್ತುಕೊಂಡು ಪೈಪಿನ ಪಕ್ಕದಲ್ಲಿ ಭಾರದ ಗುಂಡನ್ನು ಇಳಿಬಿಟ್ಟ. ಹಗ್ಗ ಓಡಿತು, ನಿಂತಿತು. ನಿನ್ನೆ ಕಟ್ಟಿದ್ದ ಕೆಂಪು ದಾರದ ಗುರುತು ಇನ್ನೂ ಗುಂಡಿಯ ಬಾಯಿಂದ ಮೇಲೆಯೇ ಇತ್ತು, ಮೊಣಕಾಲೆತ್ತರ. ಅವನು ಎಳೆದು ಮತ್ತೆ ಬಿಟ್ಟ. ಬಂಡೆಗೆ ತಾಗಿದರೆ ಗುಂಡು ಠಣ್ಣೆಂದು ಕೈಗೆ ತಿಳಿಯುತ್ತದೆ. ಇದು ಹಿಟ್ಟಿನಲ್ಲಿ ಬಿದ್ದಂತೆ ಮೆತ್ತಗೆ ಕೂತಿತು. ಮೂರನೇ ಸಲವೂ ಹಾಗೇ ಕೂತಿತು. ಮೂವತ್ತು ವರ್ಷ ಕೆಲಸ ಮಾಡಿದವನಿಗೆ ಇದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ತಳದಲ್ಲಿ ಕೆಸರು ಕೂತಿತ್ತು. ಸುರಿದಿದ್ದರೆ ಪೈಲು ಬಂಡೆಯ ಮೇಲಲ್ಲ, ಕೆಸರಿನ ಮೇಲೆ ನಿಲ್ಲುತ್ತಿತ್ತು.

ಹಗ್ಗ ಸುತ್ತಿ ಈಶ್ವರಯ್ಯನ ಕೈಗಿತ್ತ. “ಪೈಪು ತೆಗಿ. ಪಂಜರ ಮೇಲೆತ್ತು. ಮತ್ತೆ ತೊಳೀರಿ.” ಕಲಸಿದ ಕಾಂಕ್ರೀಟನ್ನು ದಡಕ್ಕೆ ಸುರಿಸಿದ. ನಟರಾಜುವಿನ ಕಡೆ ತಿರುಗಿ ನೋಡದೆ ಶೆಡ್ಡಿಗೆ ಹೋದ.

ಎರಡು ದಿನದ ಮೇಲೆ ಪರಮಶಿವಯ್ಯ ಇಬ್ಬರನ್ನೂ ತನ್ನ ಕೋಣೆಗೆ ಕರೆಸಿದ. ಕಾಫಿ ತರಿಸಿದ. ಯಾರೂ ಮುಟ್ಟಲಿಲ್ಲ.

“ಮೈಮೇಲೆ ಕೈ ಮಾಡಿದ್ದು ತಪ್ಪು. ಅದಕ್ಕೆ ಕ್ಷಮೆ ಕೇಳ್ತೀನಿ,” ಎಂದ ಯೋಗಾನರಸಿಂಹ, ಗೋಡೆ ನೋಡುತ್ತ.

“ಆಡಿದ ಮಾತಿಗೆ?” ಎಂದ ನಟರಾಜು.

“ಸಿಟ್ಟಲ್ಲಿ ನೂರು ಬರುತ್ತೆ. ಅದಕ್ಕೆಲ್ಲ ಕೇಳ್ತಾ ಕೂರೋಕಾಗಲ್ಲ.”

“ನಾನು ತಪ್ಪು ಮಾಡಿದಾಗ ಎಲ್ಲರೆದುರಿಗೆ ಒಪ್ಕೊಂಡೆ. ಅಂಗಿ ಹರಿದಿದ್ದು ಹೊಲಿದರಾಯ್ತು. ನನಗೆ ಬೇಕಾಗಿರೋದು ಆ ಮಾತಿನ ಲೆಕ್ಕ.”

“ಕ್ಷಮೆ ಕೇಳಿದ್ರಲ್ಲ ನಟರಾಜು, ಇಲ್ಲಿಗೆ ಬಿಡಿ,” ಎಂದ ಪರಮಶಿವಯ್ಯ. “ಸೇತುವೆ ಚೆನ್ನಾಗಿ ಬರ್ತಿದೆ. ಹೆಸರು ಇಬ್ಬರಿಗೂ ಬರುತ್ತೆ.”

ನಟರಾಜು ಎದ್ದು ಹೊರಬಂದ. ನೇರ ಹಳ್ಳದ ಹತ್ತಿರ ಹೋಗಿ, ಈಶ್ವರಯ್ಯನನ್ನು ಪಕ್ಕಕ್ಕೆ ಕರೆದ. ಪೊಲೀಸ್ ಠಾಣೆಗೆ ದೂರು ಕೊಡುತ್ತಿದ್ದೇನೆ, ಸಾಕ್ಷಿ ಹೇಳುತ್ತೀಯಾ ಎಂದು ಕೇಳಿದ.

ಈಶ್ವರಯ್ಯ ಕೈಗಂಟಿದ್ದ ಗ್ರೀಸನ್ನು ಚಿಂದಿಗೆ ಒರೆಸಿಕೊಂಡ. “ಕಿವಿಯಾರ ಕೇಳಿವ್ನಿ ಸಾ. ಕರುದ್ರೆ ಬತ್ತೀನಿ, ಸುಳ್ಳು ಏಳಕಿಲ್ಲ. ಆದ್ರೆ ನಾಳೀಕೆ ಈ ಕಂಪ್ನೀಲಿ ನಂಗೆ ಕೆಲ್ಸ ಇರಕಿಲ್ಲ. ಅದ್ನೂ ನೀವೇ ತಿಳ್ಕಂಡು ಬರ್ಕೊಳಿ.”

ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದವನು ಸಾಕ್ಷಿಯ ಹೆಸರು ಕೇಳಿದ. ಜೊತೆಗೆ ಬಂದಿದ್ದ ಶೋಭಿತಾ ಗಂಡನ ಮುಖ ನೋಡಿದಳು. ನಟರಾಜು ತಡವರಿಸಿ, “ಸದ್ಯಕ್ಕೆ ನಾನೊಬ್ಬನೇ,” ಎಂದ.

“ಒಬ್ಬರೇ ಅಂದ್ರೆ ಕಷ್ಟ ಸಾರ್.”

“ಕಷ್ಟ ಅಂತ ಗೊತ್ತು. ಬರ್ಕೊಳ್ಳಿ.”

ಕೇಸು ನಿಲ್ಲಲಿಲ್ಲ. ಹೆಸರು ಬರೆಸದ ಈಶ್ವರಯ್ಯನನ್ನು ಯಾರೂ ಕರೆಯಲಿಲ್ಲ. ವಿಚಾರಣೆಗೆ ಕರೆದಾಗ ಮಿಕ್ಸರ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂದು ಉಳಿದ ಆಳುಗಳು ಹೇಳಿದರು. ಮಿಕ್ಸರ್ ನಿಂತದ್ದು ಬೈಗುಳದ ಆಮೇಲೆ ಎಂಬುದು ನಿಜವೇ ಆಗಿತ್ತು. ಆದರೂ ಕಂಪನಿ ಯೋಗಾನರಸಿಂಹನನ್ನು ಅಲ್ಲಿಂದ ತೆಗೆದು ಚನ್ನರಾಯಪಟ್ಟಣದ ಕಡೆಯ ಸಣ್ಣ ಕೆಲಸವೊಂದಕ್ಕೆ ಹಾಕಿತು. ಹೊರಡುವ ದಿನ ಅವನು ಆಳುಗಳನ್ನೆಲ್ಲ ಮಾತಾಡಿಸಿ, ನಟರಾಜು ನಿಂತಿದ್ದ ದಾರಿ ಬಿಟ್ಟು, ಕೆಸರು ತುಳಿದುಕೊಂಡು ಸುತ್ತಿ ಹೋಗಿ ಜೀಪು ಹತ್ತಿದ.

ಅವನ ಜಾಗಕ್ಕೆ ಮುರಳೀಕೃಷ್ಣ ಎಂಬ ಹೊಸಬ ಬಂದ. ಮೊದಲ ದಿನವೇ ನಟರಾಜುವಿನ ಕೈ ಕುಲುಕಿ, “ಸಾರ್, ನೀವು ತುಂಬ ಸ್ಟ್ರಿಕ್ಟು ಅಂತ ಕೇಳಿದ್ದೀನಿ,” ಎಂದು ನಕ್ಕ. ನಟರಾಜುವಿಗೆ ನಗು ಬರಲಿಲ್ಲ. ಅಳತೆಯ ಹಗ್ಗ ತರಿಸಿ, ದಡದ ಕಡೆಯ ಕಂಬಕ್ಕೆ ಅಂದು ಎರೆಯಬೇಕಿದ್ದ ಗುಂಡಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ.